ತೋಟದ ಜೀಪಿಗೆ ಮಿಲಿಟರಿ ಹೌಸಿಂಗ್ ಕೂರಿಸಿದ್ದು: ನನ್ನ ಅನುಭವ

ಸಕಲೇಶಪುರ ತಾಲ್ಲೂಕಿನ ಹೆತ್ತೂರು ಕಡೆ ನಮ್ಮ ಕಾಫಿ ತೋಟ. ಕಣದಿಂದ ಕೆಳಗಿನ ರೊಬಸ್ಟಾಕ್ಕೆ ಇಳಿಯುವ ದಾರಿ ಮುಕ್ಕಾಲು ಕಿಲೋಮೀಟರ್ ಇರಬಹುದು. ಬೇಸಿಗೆಯಲ್ಲಿ ಯಾವ ಗಾಡಿಯಾದರೂ ಹೋಗುತ್ತದೆ. ಮಳೆ ಹಿಡಿದ ಮೇಲೆ ಕೆಂಪು ಜೇಡಿಯ ಜಾರುಬಂಡೆ. ನಾಲ್ಕು ವರ್ಷದ ಹಿಂದೆ ಪುಷ್ಯ ಮಳೆಯಲ್ಲಿ, ಸತ್ತ ಗಿಡಗಳ ಜಾಗಕ್ಕೆ ನೆಡಲು ಪಾಕೀಟಿನ ಕಾಫಿ ಗಿಡ ತುಂಬಿಕೊಂಡು ಇಳಿಯುತ್ತಿದ್ದಾಗ ಜೀಪಿನ ಹಿಂದಿನ ಎಡ ಶಾಫ್ಟ್ ತುಂಡಾಯಿತು. ತುಂಡಾದದ್ದಷ್ಟೇ ಅಲ್ಲ, ಚಕ್ರ ಡ್ರಮ್ಮಿನ ಸಮೇತ ಕಳಚಿಕೊಂಡು ಕಾಫಿ ಗಿಡಗಳ ಮಧ್ಯೆ ಉರುಳಿಹೋಯಿತು. ಹಿಂದೆ ತೊಟ್ಟಿಯಲ್ಲಿ ಇಬ್ಬರು ಕೂತಿದ್ದರು. ಗಾಡಿ ಧರೆಗೆ ಒರಗಿ ನಿಂತದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹೌಸಿಂಗ್ ಬದಲಿಸುವ ಈ ಕೆಲಸಕ್ಕೆ ಕೈ ಹಾಕಿದ್ದು ಆ ಚಕ್ರದ ದೆಸೆಯಿಂದ. (ಎಡ ಬಲ ಚಕ್ರಗಳ ನಡುವಿನ ಇಡೀ ಆಕ್ಸಲ್ ಸೆಟ್ಟನ್ನು ನಮ್ಮ ಕಡೆ ಗ್ಯಾರೇಜಿನಲ್ಲಿ ಹೌಸಿಂಗ್ ಅಂತಲೇ ಕರೆಯುವುದು, ನಾನೂ ಹಾಗೇ ಬರೆಯುತ್ತೇನೆ.)

ನನ್ನದು ಮಹೀಂದ್ರ ಎಂಎಂ 540. ಹಿಂದಿನ ಬಾಡಿ ಕೊಯ್ದು, ಚಾಸಿ ಉದ್ದ ಮಾಡಿ, ಮರದ ತೊಟ್ಟಿ ಕೂರಿಸಿದ ಗಾಡಿ. ಪ್ಯೂಜೋ ಡೀಸೆಲ್ ಎಂಜಿನ್, 2112 ಸಿಸಿ. ಎಂಜಿನ್ ಬಗ್ಗೆ ದೂರಿಲ್ಲ. ತೊಂದರೆ ಹಿಂದಿನ ಶಾಫ್ಟಿನ ಕಟ್ಟೋಣದಲ್ಲಿತ್ತು. ಅಲ್ಲಿ ಶಾಫ್ಟ್ ಎರಡು ಕೆಲಸ ಮಾಡುತ್ತದೆ: ಚಕ್ರವನ್ನು ತಿರುಗಿಸುವುದೂ ಅದೇ, ಗಾಡಿಯ ಭಾರ ಹೊರುವುದೂ ಅದೇ. ಬೇರಿಂಗಿನಿಂದ ಆಚೆ ಶಾಫ್ಟ್ ಮುರಿದರೆ ಚಕ್ರವನ್ನು ಹಿಡಿದುಕೊಳ್ಳುವುದು ಏನೂ ಉಳಿಯುವುದಿಲ್ಲ. ಇದು ಸೆಮಿ ಫ್ಲೋಟಿಂಗ್. ಲಾರಿಗಳಲ್ಲಿರುವುದು ಫುಲ್ ಫ್ಲೋಟಿಂಗ್. ಚಕ್ರ ಕೂರುವ ಹಬ್ಬು ಎರಡು ಬೇರಿಂಗ್ ಮೇಲೆ ಹೌಸಿಂಗಿನ ಕೊಳವೆಯ ತುದಿಗೇ ಕೂತಿರುತ್ತದೆ, ಶಾಫ್ಟ್ ಬರೀ ತಿರುಗಿಸುತ್ತದೆ. ಮುರಿದರೂ ಚಕ್ರ ತನ್ನ ಜಾಗದಲ್ಲೇ ಇರುತ್ತದೆ, ಬ್ರೇಕೂ ಹಿಡಿಯುತ್ತದೆ. ಗಟ್ಟಿ ಶಾಫ್ಟ್ ಬೇಕು ಅನ್ನುವುದಕ್ಕಿಂತ, ಮುರಿದಾಗ ಮನುಷ್ಯನ ಜೀವ ಉಳಿಸುವ ಹೌಸಿಂಗ್ ಬೇಕು ಅಂತ ತೀರ್ಮಾನಿಸಿದೆ.

ಜಬಲ್ಪುರದಲ್ಲಿ ಸೈನ್ಯಕ್ಕೆಂದು ತಯಾರಾದ ಗಾಡಿಗಳಲ್ಲಿ ಜೋಂಗಾ ಜೀಪು, ನಿಸ್ಸಾನ್ ಒನ್ ಟನ್ ಸಣ್ಣ ಲಾರಿ, ಶಕ್ತಿಮಾನ್ ಲಾರಿ ಈ ಮೂರನ್ನು ಯೋಚಿಸಿದೆ. ಶಕ್ತಿಮಾನ್ ಹೌಸಿಂಗ್ ಜೀಪಿಗೆ ತೀರಾ ದೊಡ್ಡದು, ಅದರ ಭಾರಕ್ಕೇ ಗಾಡಿ ಹೂತುಕೊಳ್ಳುತ್ತದೆ. ಜೋಂಗಾದ್ದನ್ನು ಜೀಪಿಗೆ ಹಾಕಿಸಿದವರಿದ್ದಾರೆ, ಹಗುರ ಓಡಾಟಕ್ಕೆ ಅದು ಸಾಕು. ನನ್ನದು ಚೀಲ ಹೊರುವ ಗಾಡಿ, ಹಾಗಾಗಿ ಒನ್ ಟನ್ನಿನ ಹೌಸಿಂಗ್ ಹುಡುಕಿದೆ. ಡಿಸ್ಪೋಸಲ್ ಹರಾಜಿನಲ್ಲಿ ಹೋದ ಗಾಡಿಗಳನ್ನು ಬಿಚ್ಚಿ ಮಾರುವ ಬೆಂಗಳೂರಿನ ಒಬ್ಬ ವ್ಯಾಪಾರಿಯ ಹತ್ತಿರ ಮುಂದಿನದು, ಹಿಂದಿನದು ಎರಡೂ ಸಿಕ್ಕವು. ಒಂದೇ ಗಾಡಿಯವು ಅಂತ ಹೇಳಿದ. ಅದನ್ನು ನಂಬಿ ದುಡ್ಡು ಕೊಡಲಿಲ್ಲ. ಕವರ್ ಬಿಚ್ಚಿಸಿ ಎರಡರಲ್ಲೂ ಕ್ರೌನ್ (ಒಳಗಿನ ದೊಡ್ಡ ಹಲ್ಲುಚಕ್ರ) ಮತ್ತು ಅದನ್ನು ತಿರುಗಿಸುವ ಸಣ್ಣ ಪಿನಿಯನ್ನಿನ ಹಲ್ಲು ಎಣಿಸಿದೆ. ನನ್ನ ಹಳೆಯ ಜೀಪಿನಲ್ಲಿ ಕ್ರೌನಿಗೆ 43, ಪಿನಿಯನ್ನಿಗೆ 8, ಅಂದರೆ 5.38. ಆ ಸಂಖ್ಯೆ ಎಷ್ಟಾದರೂ ಇರಲಿ, ಹಿಂದೆ ಮುಂದೆ ಒಂದೇ ಇರಬೇಕು. ಇಲ್ಲದಿದ್ದರೆ ಫೋರ್ ವೀಲ್ ಹಾಕಿದ ಕೂಡಲೇ ಎರಡು ಹೌಸಿಂಗ್ ಒಂದನ್ನೊಂದು ಜಗ್ಗಾಡಿ ಯಾವುದೋ ಹಲ್ಲನ್ನು ಕಿತ್ತುಹಾಕುತ್ತವೆ.

ಹಿಂದಿನದರಲ್ಲಿದ್ದ ಎಣ್ಣೆ ಹಾಲು ಹಾಕಿದ ಟೀ ಬಣ್ಣಕ್ಕೆ ತಿರುಗಿತ್ತು. ನೀರು ಹೊಕ್ಕಿದೆ ಅಂತ ಅರ್ಥ. ಬೇರಿಂಗ್, ಸೀಲು ಎಲ್ಲ ಹೊಸದು ಹಾಕುವ ಲೆಕ್ಕದಲ್ಲಿ ಬೆಲೆ ಇಳಿಸಿಕೊಂಡು ತಂದೆ. ಹಾಸನದ ಇಂಡಸ್ಟ್ರಿಯಲ್ ಏರಿಯಾದಲ್ಲಿ ನನಗೆ ಪರಿಚಯದ ಲೇತ್ ಮಿಸ್ತ್ರಿ ಇದ್ದಾರೆ. ಅಲ್ಲೇ ಚೈನ್ ಬ್ಲಾಕ್ ಹಾಕಿ ಇಳಿಸಿಕೊಂಡೆವು. ನಾಲ್ಕು ಜನ ಸೇರಿ ಎತ್ತುವ ಸಾಮಾನಲ್ಲ.

ನಿಜವಾದ ಕೆಲಸ ಶುರುವಾದದ್ದು ಅಳತೆಯಲ್ಲಿ. ಒನ್ ಟನ್ನಿನ ಹೌಸಿಂಗ್ ಜೀಪಿಗಿಂತ ಅಗಲ, ಅದರ ಮೇಲಿನ ಕಮಾನು ಪಟ್ಟಿಯ ಸೀಟುಗಳೂ (ಪಟ್ಟಿ ಕೂರುವ ಜಾಗ) ಜೀಪಿನ ಚಾಸಿಗಿಂತ ಆಚೆ. ಹೌಸಿಂಗನ್ನೇ ಕೊಯ್ದು ಗಿಡ್ಡ ಮಾಡಿ ಅಂತ ಹಲವರು ಹೇಳಿದರು. ಹಾಗೆ ಮಾಡಿದರೆ ಶಾಫ್ಟನ್ನೂ ಕೊಯ್ಯಬೇಕು, ಹದ ಮಾಡಿದ ಉಕ್ಕಿನ ಮೇಲೆ ಹೊಸದಾಗಿ ಸ್ಪ್ಲೈನ್ (ತುದಿಯ ಉದ್ದುದ್ದ ಹಲ್ಲು) ಕಡಿಯಬೇಕು. ಯಾವ ಗಟ್ಟಿತನಕ್ಕೆ ದುಡ್ಡು ಕೊಟ್ಟೆನೋ ಅದನ್ನೇ ಕೊಯ್ದು ಬಿಸಾಡಿದ ಹಾಗೆ. ಅಗಲ ಹಾಗೇ ಇರಲಿ, ಸೀಟು ಮಾತ್ರ ಒಳಕ್ಕೆ ಬರಲಿ ಅಂದೆ. ಇಳಿಜಾರಿನಲ್ಲಿ ಅಡ್ಡ ಹೋಗುವಾಗ ಅಗಲ ಇದ್ದಷ್ಟೂ ಒಳ್ಳೆಯದೇ. ತೋಟದ ಎರಡು ಮೋರಿಗಳನ್ನು ಮಾತ್ರ ಒಂದೊಂದು ಅಡಿ ಅಗಲ ಮಾಡಿಸಬೇಕಾಯಿತು.

ಹಿಂದಿನದು ಸಲೀಸಾಗಿ ಕೂತಿತು. ಮುಂದಿನದರಲ್ಲಿ ಕ್ರೌನಿನ ಬುಟ್ಟಿ (ಕ್ರೌನ್ ಕೂತಿರುವ ಉಬ್ಬು) ಒಂದು ಪಕ್ಕಕ್ಕಿರುವುದರಿಂದ ಆ ಬದಿಯ ಸೀಟು ನೇರ ಬುಟ್ಟಿಯ ಮೇಲೆ ಬಂತು. ಬುಟ್ಟಿ ಎರಕದ್ದು. ಎರಕದ ಮೇಲೆ ಸುಮ್ಮನೆ ವೆಲ್ಡ್ ಹಿಡಿಸಿದರೆ ಮೇಲೆ ಚೆನ್ನಾಗಿ ಕಾಣುತ್ತದೆ, ತಣ್ಣಗಾಗುವಾಗ ಪಕ್ಕದಲ್ಲೇ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಹಾಗಾಗಿ 12 ಮಿಲಿಮೀಟರ್ ಪ್ಲೇಟಿನಲ್ಲಿ ಬುಟ್ಟಿಯ ಮೇಲೆ ಸೇತುವೆಯಂಥದ್ದು ಮಾಡಿ, ಒಂದು ಕಾಲನ್ನು ಕೊಳವೆಗೆ ವೆಲ್ಡ್ ಮಾಡಿ, ಇನ್ನೊಂದನ್ನು ಬೋಲ್ಟಿನಲ್ಲಿ ಹಿಡಿಸಿದೆವು. ಕೊಳವೆಯ ಮೇಲೂ ಒಂದೇ ಉಸಿರಿಗೆ ವೆಲ್ಡ್ ಎಳೆಯಲಿಲ್ಲ. ಒಂದು ಇಂಚು ಇಲ್ಲಿ, ತಣ್ಣಗಾದ ಮೇಲೆ ಎದುರು ಬದಿಗೆ ಒಂದು ಇಂಚು. ಕಾವಿಗೆ ಕೊಳವೆ ಬಾಗಿದರೆ ಶಾಫ್ಟ್ ದಿನಾ ಬಾಗಿ ಬಾಗಿ ತಿರುಗುತ್ತದೆ.

ಪೂರ್ತಿ ವೆಲ್ಡ್ ಮಾಡುವ ಮೊದಲು ಸೀಟುಗಳನ್ನು ಅಲ್ಲಲ್ಲಿ ಚುಕ್ಕೆಯಷ್ಟು ಟ್ಯಾಕ್ ವೆಲ್ಡ್ ಮಾತ್ರ ಮಾಡಿ, ಗಾಡಿಯನ್ನು ಅದರ ಚಕ್ರದ ಮೇಲೇ ನಿಲ್ಲಿಸಿ, ತೊಟ್ಟಿಗೆ 50 ಕಿಲೋದ ಆರು ಚೀಲ ಹಾಕಿ, ಆಮೇಲೆ ಪಿನಿಯನ್ನಿನ ಕೋನ ನೋಡಿದೆವು. ಎರಡು ತುದಿಯಲ್ಲೂ ಒಂದೊಂದೇ ಕ್ರಾಸ್ (ಮಡಿಚುವ ಕೀಲು) ಇರುವ ಪ್ರೊಪೆಲ್ಲರ್ ಶಾಫ್ಟಿನಲ್ಲಿ, ಟ್ರಾನ್ಸ್‌ಫರ್ ಕೇಸಿನ (ಎಂಜಿನ್ನಿನ ಬಲವನ್ನು ಹಿಂದೆ ಮುಂದೆ ಹಂಚುವ ಪೆಟ್ಟಿಗೆ) ತುದಿಯೂ ಪಿನಿಯನ್ನೂ ಒಂದಕ್ಕೊಂದು ಸಮಾನಾಂತರ ಇರಬೇಕು. ಆಗ ಒಂದು ಕ್ರಾಸಿನ ಏರಿಳಿತವನ್ನು ಇನ್ನೊಂದು ಸರಿಮಾಡುತ್ತದೆ. ಖಾಲಿ ಗಾಡಿಯಲ್ಲಿ ನೋಡಿ ವೆಲ್ಡ್ ಮಾಡಿದ್ದರೆ ಹೇರು ಬಿದ್ದಾಗ ಎಲ್ಲ ಲೆಕ್ಕ ತಪ್ಪುತ್ತಿತ್ತು. ಮುಂದಿನ ಹೌಸಿಂಗಿನಲ್ಲಿ ಇನ್ನೊಂದು ಇಕ್ಕಟ್ಟು: ಪಿನಿಯನ್ನನ್ನು ಮೇಲಕ್ಕೆ ತಿರುಗಿಸಿದಷ್ಟೂ ಚಕ್ರ ಎಡಬಲಕ್ಕೆ ಹೊರಳುವ ಕಿಂಗ್ ಪಿನ್ನಿನ ಓರೆ ಕಡಿಮೆಯಾಗಿ ಸ್ಟೇರಿಂಗ್ ತಾನಾಗಿ ನೆಟ್ಟಗಾಗುವುದಿಲ್ಲ. ನಾನು ಸ್ಟೇರಿಂಗ್ ಪರ ನಿಂತೆ, ಪಿನಿಯನ್ ಸ್ವಲ್ಪ ತಗ್ಗಿದ್ದರೂ ಇರಲಿ ಅಂತ ಬಿಟ್ಟೆ. ಮುಂದಿನ ಪ್ರೊಪೆಲ್ಲರ್ ಶಾಫ್ಟಿಗೆ ಬಲ ಬೀಳುವುದು ಫೋರ್ ವೀಲಿನಲ್ಲಿ, ನಡೆಯುವ ವೇಗದಲ್ಲಿ. ಸ್ವಲ್ಪ ಅದುರಿದರೆ ನಷ್ಟವಿಲ್ಲ.

ಬ್ರೇಕಿನಲ್ಲಿ ನಾನು ಎಡವಿದೆ. ದೊಡ್ಡ ಡ್ರಮ್ಮು ಬಂತು, ಇನ್ನು ಚಿಂತೆಯಿಲ್ಲ ಅಂದುಕೊಂಡಿದ್ದೆ. ಮೊದಲ ಸಲ ಕಾಲಿಟ್ಟಾಗ ಪೆಡಲ್ ನೆಲ ಮುಟ್ಟಿತು. ದೊಡ್ಡ ವೀಲ್ ಸಿಲಿಂಡರುಗಳಿಗೆ ಬೇಕಾದಷ್ಟು ಎಣ್ಣೆಯನ್ನು ಜೀಪಿನ ಸಣ್ಣ ಮಾಸ್ಟರ್ ಸಿಲಿಂಡರ್ ಒಂದು ತುಳಿತಕ್ಕೆ ಕೊಡಲಾರದು. ದೊಡ್ಡ ಮಾಸ್ಟರ್ ಹಾಕಿದರೆ ಪೆಡಲ್ ಮೇಲೆ ಬಂತು, ಆದರೆ ಕಲ್ಲಾಯಿತು. ಕೊನೆಗೆ ವ್ಯಾಕ್ಯೂಮ್ ಬೂಸ್ಟರ್ ಸೇರಿಸಿದೆವು. ಡೀಸೆಲ್ ಎಂಜಿನ್ನಿನ ಇನ್‌ಟೇಕಿನಲ್ಲಿ ಪೆಟ್ರೋಲ್ ಗಾಡಿಯ ಹಾಗೆ ಎಳೆತ ಸಿಗುವುದಿಲ್ಲ, ಅದಕ್ಕೆ ಪಂಪ್ ಇರುವ ಆಲ್ಟರ್ನೇಟರ್ ಬೇಕಾಯಿತು. ಈ ಕೆಲಸಕ್ಕೆ ಇಳಿಯುವವರು ಹೌಸಿಂಗಿನ ಬೆಲೆ ಕೇಳುವಾಗಲೇ ಬ್ರೇಕಿನ ಖರ್ಚನ್ನೂ ಪಕ್ಕದಲ್ಲಿ ಬರೆದುಕೊಳ್ಳಿ.

ಎಣ್ಣೆಗೆ ನೀರು ಹೊಕ್ಕಿದ್ದೇಕೆ ಅಂತ ಹುಡುಕಿದಾಗ ಕಂಡದ್ದು ಬ್ರೀದರ್, ಬೆರಳ ತುದಿಯಷ್ಟು ಸಣ್ಣ ಸಾಮಾನು, ಮಣ್ಣು ತುಂಬಿ ಕಟ್ಟಿಹೋಗಿತ್ತು. ಏರು ಹತ್ತಿ ಬಿಸಿಯಾದ ಹೌಸಿಂಗ್ ಹಳ್ಳದ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗುತ್ತದೆ. ಉಸಿರಾಡಲು ದಾರಿ ಇಲ್ಲದಿದ್ದರೆ ಸೀಲಿನ ಸಂದಿನಿಂದ ನೀರನ್ನೇ ಎಳೆದುಕೊಳ್ಳುತ್ತದೆ. ಎರಡು ಹೌಸಿಂಗಿನ ಬ್ರೀದರಿಗೂ ರಬ್ಬರ್ ಪೈಪು ಜೋಡಿಸಿ ನಾವು ಕೂರುವ ಸೀಟಿನ ಹಿಂದಿನವರೆಗೆ ಮೇಲಕ್ಕೆ ತಂದೆ. ಮೂರು ಮಳೆಗಾಲವಾಯಿತು, 90 ನಂಬರ್ ಎಣ್ಣೆ ಬಣ್ಣ ಕೆಟ್ಟಿಲ್ಲ.

ಇಷ್ಟಾದ ಮೇಲೆ ಒಂದು ಪ್ರಶ್ನೆ ಉಳಿಯಿತು: ಶಾಫ್ಟ್ ಮುರಿಯುವುದಿಲ್ಲ ಸರಿ, ಹಾಗಾದರೆ ಮುಂದೆ ಮುರಿಯುವುದು ಯಾವುದು? ಲೋ ಗೇರಿನಲ್ಲಿ ಟ್ರಾನ್ಸ್‌ಫರ್ ಕೇಸ್ ಒಂದೇ ಎಂಜಿನ್ನಿನ ತಿರುಚನ್ನು 2.46 ಪಟ್ಟು ಮಾಡುತ್ತದೆ. ಚಕ್ರ ಬೇರಿಗೆ ಸಿಕ್ಕಿ ನಿಂತರೆ ಆ ಬಲ ಎಲ್ಲಾದರೂ ಹೊರಗೆ ಬರಲೇಬೇಕು. ಗೇರ್‌ಬಾಕ್ಸ್ ಒಡೆದರೆ ಹಾಸನಕ್ಕೆ ಹೋಗಬೇಕು, ವಾರಗಟ್ಟಲೆ ಗಾಡಿ ಇಲ್ಲ. ಹಾಗಾಗಿ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸನ್ನು ಬೇಕೆಂದೇ ಹಳೆಯ ಜೀಪಿನ ಅಳತೆಯದ್ದನ್ನೇ ಉಳಿಸಿಕೊಂಡೆ. ಮುರಿಯುವುದಾದರೆ ಅದು ಮುರಿಯಲಿ. ಎರಡು ಕ್ರಾಸ್, ಒಂದು ಸುತ್ತಿಗೆ, ಸರ್ಕ್ಲಿಪ್ ಇಕ್ಕಳ ಸೀಟಿನಡಿ ಸದಾ ಇರುತ್ತವೆ.

ಇದರಲ್ಲಿ ಒಂದು ಅಪಾಯ ಇದೆ. ನನ್ನ ಜೀಪಿನ ಹ್ಯಾಂಡ್‌ಬ್ರೇಕ್ ಹಿಡಿಯುವುದು ಚಕ್ರವನ್ನಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದಿರುವ ಡ್ರಮ್ಮನ್ನು. ಹಿಂದಿನ ಕ್ರಾಸ್ ತುಂಡಾದರೆ ಆ ಹಿಡಿತ ಹಿಂದಿನ ಚಕ್ರಕ್ಕೆ ತಲುಪುವುದೇ ಇಲ್ಲ. ಕಾಲಿನ ಬ್ರೇಕ್ ಒಂದೇ ಗತಿ. ಅದಕ್ಕೆ ಚಕ್ರದಡಿ ಒತ್ತಿಡಲು ಹಲಸಿನ ಮರದ ಎರಡು ಆಪು ಮಾಡಿಸಿ, ಹಗ್ಗದಲ್ಲಿ ತೊಟ್ಟಿಯ ಎರಡು ಪಕ್ಕಕ್ಕೆ ಕಟ್ಟಿದ್ದೇನೆ. ಇಳಿಜಾರಿಗೆ ಹೊರಡುವ ಮೊದಲು ಅವು ಇದ್ದಾವೆಯೇ ಅಂತ ನೋಡದೆ ಯಾರೂ ಗಾಡಿ ತೆಗೆಯುವ ಹಾಗಿಲ್ಲ. ತೊಟ್ಟಿಯಲ್ಲಿ ಜನ ಕೂರುವುದನ್ನೂ ನಿಲ್ಲಿಸಿದೆ.

ಗಾಡಿ ನಮ್ಮ ಗೇಟು ದಾಟುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಹಾಸನಕ್ಕೆ ಒಯ್ಯಬೇಕಾದರೆ ಲಾರಿಯ ಮೇಲೆ ಏರಿಸುತ್ತೇನೆ.

ಹೋದ ಮಳೆಯಲ್ಲಿ, ಅದೇ ಇಳಿಜಾರಿನ ಅರ್ಧದಲ್ಲಿ, ಗೊಬ್ಬರದ ಚೀಲ ಹೊತ್ತು ಹತ್ತುವಾಗ ಹಿಂದಿನ ಕ್ರಾಸ್ ಹೋಯಿತು. ಬ್ರೇಕ್ ಅದುಮಿ ಕೂಗಿದೆ, ಪಕ್ಕದಲ್ಲಿ ನಡೆದು ಬರುತ್ತಿದ್ದ ಹುಡುಗ ಎರಡೂ ಆಪು ಒತ್ತಿಕೊಟ್ಟ. ಟಾರ್ಪಾಲು ಕಟ್ಟಿ ಅದರಡಿಯಲ್ಲಿ ಮಲಗಿ ಕ್ರಾಸ್ ಬದಲಿಸಿದೆವು. ಸುಮಾರು ಮುಕ್ಕಾಲು ಗಂಟೆ ಹಿಡಿಯಿತು. ನಾಲ್ಕೂ ಚಕ್ರ ಗಾಡಿಯಲ್ಲೇ ಇದ್ದವು.