ಹಬ್ಬದ ದಿನ ಬಂದ ಆಫರ್ ಲೆಟರ್

2024ರ ಆಗಸ್ಟ್ 16, ಶುಕ್ರವಾರ, ವರಮಹಾಲಕ್ಷ್ಮಿ ಹಬ್ಬ. ತಿಪಟೂರಿನ ಹತ್ತಿರದ ನಮ್ಮೂರಿನಲ್ಲಿ ಅಮ್ಮ ಕಳಶಕ್ಕೆ ಸೀರೆ ಉಡಿಸಿ ಫೋಟೊ ಕಳಿಸಿದ್ದಳು. ನಾನು ಬೆಂಗಳೂರಿನ ಪೀಣ್ಯ ಎರಡನೇ ಹಂತದ ಮಷಿನ್ ಶಾಪಿನಲ್ಲಿ, ಭಾಗಗಳನ್ನು ಕರಾರುವಾಕ್ಕಾಗಿ ಅಳೆಯುವ ಸಿಎಂಎಂ ಯಂತ್ರದ ಮುಂದೆ ಕೂತು ಒಂದು ಅಲ್ಯುಮಿನಿಯಂ ಬ್ರಾಕೆಟ್ಟಿನ ತೂತುಗಳ ಪೊಸಿಷನ್ ಅಳೆಯುತ್ತಿದ್ದೆ. ಸಂಜೆ ನಾಲ್ಕೂಮುಕ್ಕಾಲಿಗೆ ಮೊಬೈಲಿನಲ್ಲಿ ಮೇಲ್ ಬಂತು. ಹತ್ತು ವರ್ಷದಿಂದ ಯಾವ ಕಂಪನಿಯ ಹೆಸರು ಹೇಳಿಕೊಂಡು ಓಡಾಡುತ್ತಿದ್ದೆನೋ ಅಲ್ಲಿಂದ.

ಹತ್ತು ವರ್ಷ ಅಂದದ್ದು ಸುಮ್ಮನೆ ಅಲ್ಲ. ತುಮಕೂರಿನಲ್ಲಿ ಡಿಪ್ಲೊಮಾ ಓದುವಾಗ, 2015ರ ಫೆಬ್ರವರಿಯಲ್ಲಿ, ನಾಲ್ಕು ಜನ ಸೇರಿ ಯಲಹಂಕಕ್ಕೆ ಏರೋ ಇಂಡಿಯಾ ನೋಡಲು ಹೋಗಿದ್ದೆವು. ಉಳಿದವರು ಕತ್ತೆತ್ತಿ ಜೆಟ್ ನೋಡುತ್ತಿದ್ದರೆ ನಾನು ಒಂದು ಸ್ಟಾಲಿನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿದ್ದ ಒಂದು ಭಾಗವನ್ನು ನೋಡುತ್ತ ನಿಂತುಬಿಟ್ಟೆ. ಇಡೀ ಗಟ್ಟಿ ಲೋಹದಿಂದ ಕೊರೆದು ತೆಗೆದದ್ದು, ಗೋಡೆಗಳು ಹಪ್ಪಳದಷ್ಟು ತೆಳು. ಇದನ್ನು ಅಳೆಯುವವನು ಯಾರಿರಬಹುದು ಅನ್ನಿಸಿತು. ಅವತ್ತಿನ ಆ ಸ್ಟಾಲಿನ ಕಂಪನಿಯೇ ಇದು. ಈಗ ದೇವನಹಳ್ಳಿ ಕಡೆಯ ಏರೋಸ್ಪೇಸ್ ಪಾರ್ಕಿನಲ್ಲಿದೆ. ಹೆಸರು ಬೇಡ.

ಮೇಲ್ ತೆರೆದೆ. ವರ್ಷಕ್ಕೆ 7,80,000. ಹುದ್ದೆ: ಇಂಜಿನಿಯರ್, ಗ್ರೇಡ್ 2.

ಮೊದಲು ಖುಷಿಯೇ ಆಯಿತು, ಸುಳ್ಳು ಹೇಳಲಾರೆ. ಅಪ್ಪನಿಗೆ ಫೋನ್ ಮಾಡಿದೆ. "ಕೈಗೆ ಎಷ್ಟು ಬತ್ತದ್ಲಾ?" ಅಂದರು. ನಮ್ಮಪ್ಪ ಕೇಳುವುದೇ ಹಾಗೆ. ಪೀಣ್ಯದಲ್ಲಿ ಕೇಳುವುದೂ ಹಾಗೇ. ಇಲ್ಲಿ ಐವತ್ತು ಜನರ ಶಾಪುಗಳಲ್ಲಿ ಓನರ್ ಕೂರಿಸಿಕೊಂಡು "ಕೈಗೆ ಇಷ್ಟು" ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಸಿಟಿಸಿ (ಒಬ್ಬ ನೌಕರನಿಗೆ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು) ಅನ್ನುವ ಪದವನ್ನು ಐದು ವರ್ಷದಲ್ಲಿ ನಮ್ಮ ಓನರ್ ಬಾಯಲ್ಲಿ ನಾನು ಕೇಳಿಲ್ಲ. ಲೆಕ್ಕ ಹಾಕಿ ಹೇಳುತ್ತೇನೆ ಅಂತ ಅಪ್ಪನಿಗೆ ಹೇಳಿ ಫೋನ್ ಇಟ್ಟೆ. ಎರಡನೇ ಪುಟದಲ್ಲಿದ್ದ ಬ್ರೇಕಪ್ ಪಟ್ಟಿ ಆಗ ಕಣ್ಣಿಗೆ ಬಿತ್ತು.

ಬೇಸಿಕ್ 3,90,000. ಕಂಪನಿ ನನ್ನ ಪಿಎಫ್‌ಗೆ ಕಟ್ಟುವ 46,800 ಈ 7.8 ಲಕ್ಷದೊಳಗೇ ಇದೆ. ಗ್ರಾಚ್ಯುಟಿ (ಸಾಮಾನ್ಯವಾಗಿ ಐದು ವರ್ಷ ತುಂಬಿದ ಮೇಲೆ ಕೆಲಸ ಬಿಡುವಾಗ ಸಿಗುವ ಇಡುಗಂಟು) ಅಂತ ಬೇಸಿಕ್‌ನ ಶೇ 4.81, ಅಂದರೆ 18,759, ಅದೂ ಒಳಗೇ. ಗ್ರೂಪ್ ಇನ್ಶೂರೆನ್ಸ್ ಪ್ರೀಮಿಯಂ 18,000. ವೇರಿಯಬಲ್ ಪೇ 78,000, ಅದು ವರ್ಷ ಮುಗಿದ ಮೇಲೆ, ಕಂಪನಿಯ ಸಾಧನೆ ನೋಡಿಕೊಂಡು. ಇಷ್ಟು ತೆಗೆದರೆ ತಿಂಗಳಿಗೆ ಉಳಿಯುವುದು 51,537. ಅದರಲ್ಲಿ ನನ್ನ ಪಾಲಿನ ಪಿಎಫ್ 3,900, ವೃತ್ತಿ ತೆರಿಗೆ 200, ಬಸ್ಸು ಕ್ಯಾಂಟೀನಿಗೆ 2,000 ಹೋದರೆ ಕೈಗೆ 45,437.

ಪೀಣ್ಯದಲ್ಲಿ ನನಗೆ ಬರುತ್ತಿದ್ದದ್ದು 52,000.

ಕನಸಿನ ಕಂಪನಿಗೆ ಹೋಗಿ ತಿಂಗಳಿಗೆ ಆರೂವರೆ ಸಾವಿರ ಕಮ್ಮಿ ತರುವುದು! ತಂಗಿ ಮದುವೆಗೆ ಎತ್ತಿದ್ದ ಪರ್ಸನಲ್ ಲೋನಿನ ಕಂತೇ 11,800 ಇತ್ತು. ಆದರೂ ಆ ರಾತ್ರಿ ನಿದ್ದೆ ಕೆಡಿಸಿದ್ದು ದುಡ್ಡಲ್ಲ, ಗ್ರೇಡ್ 2. ಡಿಪ್ಲೊಮಾ ಕಾಲದ ಗೆಳೆಯನೊಬ್ಬ ಅದೇ ಕಂಪನಿಯಲ್ಲಿದ್ದಾನೆ, ನನ್ನನ್ನು ರೆಫರ್ ಮಾಡಿದವನೂ ಅವನೇ. ವಿಚಾರಿಸಿ ಹೇಳಿದ: ಬೇರೆ ಕಂಪನಿಗಳಿಗೆ ಭಾಗ ಮಾಡಿಕೊಡುವ ನಮ್ಮಂಥ ಜಾಬ್ ಶಾಪಿನ ಅನುಭವವನ್ನು ಅರ್ಧಕ್ಕೆ ಹಿಡಿಯುತ್ತಾರಂತೆ. ನನ್ನ ಐದು ವರ್ಷ ಅವರ ಲೆಕ್ಕದಲ್ಲಿ ಎರಡೂವರೆ. ಶನಿವಾರ ಭಾನುವಾರ ಅನ್ನದೆ, ಗಿರಾಕಿಯ ಆಡಿಟರ್ ಬೆಳಗ್ಗೆ ಬರುತ್ತಾನೆ ಅಂತ ಶಾಪಿನಲ್ಲೇ ಮಲಗಿದ ರಾತ್ರಿಗಳನ್ನೆಲ್ಲ ಯಾರೋ ಮಧ್ಯಕ್ಕೆ ಹರಿದು ಅರ್ಧ ವಾಪಸ್ ಕೊಟ್ಟ ಹಾಗಾಯಿತು. ನಮ್ಮಲ್ಲಿ ತಯಾರಾದ ಬ್ರಾಕೆಟ್ಟುಗಳೇ ಎರಡು ಕೈ ದಾಟಿ ಅಂಥ ದೊಡ್ಡ ಕಂಪನಿಗಳಿಗೆ ಹೋಗುತ್ತವೆ. ವಸ್ತು ಪೂರ್ತಿ ನಡೆಯುತ್ತದೆ, ಅಳೆದವನು ಮಾತ್ರ ಅರ್ಧ.

ಗೆಳೆಯ "ಮೊದ್ಲು ಒಳಗೆ ಬಾ ಮಗಾ, ಆಮೇಲೆ ನೋಡ್ಕೊಳಣ" ಅಂದ. ಈ ಮಾತನ್ನು ಹೇಳುವವರೆಲ್ಲ ಆಗಲೇ ಒಳಗಿರುವವರು.

ಶನಿವಾರ ಇಡೀ ದಿನ ಆ ಆಫರ್ ಮೇಲನ್ನು ಮತ್ತೆ ತೆರೆದು ನೋಡಲಿಲ್ಲ. ಸಿಟ್ಟಿನಲ್ಲಿ ಒಂದು ಉತ್ತರ ಬರೆದು ಡ್ರಾಫ್ಟಿನಲ್ಲಿಟ್ಟೆ. ಅದರಲ್ಲಿ 'ನನ್ನ ಅನುಭವಕ್ಕೆ ಅವಮಾನ' ಅನ್ನುವ ಅರ್ಥದ ಸಾಲಿತ್ತು. ಕಳಿಸಲಿಲ್ಲ, ಪುಣ್ಯ.

ರಾತ್ರಿ ಅಪ್ಪನೇ ಫೋನ್ ಮಾಡಿದರು. ಲೆಕ್ಕ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಹೋದ್ವರ್ಷ ಕೊಬ್ರಿ ಎಂಟ್ ಸಾವ್ರಕ್ಕೆ ಕೇಳಿದ್ರು. ಅದು ಕೊಬ್ರಿಗಾದ ಅವಮಾನ ಏನ್ಲಾ? ರೇಟು ಅಷ್ಟೇ" ಅಂದರು. 2023ರಲ್ಲಿ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 11,750 ಬೆಂಬಲ ಬೆಲೆ ಹೇಳಿದ್ದರೂ ತಿಪಟೂರು ಮಾರುಕಟ್ಟೆಯಲ್ಲಿ ದರ ಎಂಟು ಸಾವಿರದ ಆಸುಪಾಸಿಗೆ ಇಳಿದಿತ್ತು. ಅಪ್ಪ ಒಂದಷ್ಟು ಮಾರಿದರು, ಒಂದಷ್ಟು ಅಟ್ಟದ ಮೇಲೆ ಬಿಟ್ಟರು. ಆಮೇಲೆ ಕೇಳಿದ ಪ್ರಶ್ನೆಯೇ ಮುಖ್ಯವಾದದ್ದು: "ನೀನು ಎಷ್ಟು ಹೇಳಿದ್ದೆ?"

ಅಲ್ಲಿ ನಾನು ಬಾಯಿ ಮುಚ್ಚಿಕೊಂಡೆ. ಮೂರನೇ ಸುತ್ತು ಮುಗಿದ ಮೇಲೆ ಎಚ್‌ಆರ್ ಮೇಡಂ ಫೋನ್ ಮಾಡಿದ್ದರು.

"ಈಗ ಎಷ್ಟು ಬರ್ತಿದೆ ಸರ್?"

"ತಿಂಗಳಿಗೆ 52 ಸಾವಿರ ಮೇಡಂ."

"ಅಂದ್ರೆ 6.24. ನಿಮ್ಮ ಎಕ್ಸ್‌ಪೆಕ್ಟೇಶನ್?"

"ನಿಮ್ಮ ಕಂಪನಿ ನಾರ್ಮ್ಸ್ ಹೇಗಿದ್ಯೋ ಹಾಗೆ ಮೇಡಂ."

ಭಾನುವಾರ ಬೆಳಗ್ಗೆ ದಾಸರಹಳ್ಳಿಯ ರೂಮಿನಲ್ಲಿ ನೋಟ್‌ಬುಕ್ ತೆಗೆದು ಕೂತೆ. 6.24ಕ್ಕೆ ಶೇ 25 ಸೇರಿಸಿದರೆ ಎಷ್ಟು? 7.80. ಕರಾರುವಾಕ್ಕಾಗಿ 7.80! ಯಾರೂ ನನ್ನ ಬೆಲೆ ಕಟ್ಟಿರಲಿಲ್ಲ. ನಾನು ಕೊಟ್ಟ ಅಂಕಿಯನ್ನು 1.25ರಿಂದ ಗುಣಿಸಿದ್ದರು. ನಾನು ಕೊಟ್ಟದ್ದು ಕೈಗೆ ಬರುವ ಲೆಕ್ಕ, ಅವರು ಬರೆದುಕೊಂಡದ್ದು ಸಿಟಿಸಿ ಅಂತ. ಅಳತೆಯ ಕೆಲಸದವನಾಗಿ ಮಿಲಿಮೀಟರನ್ನು ಇಂಚು ಅಂತ ಓದಿ ಹೇಳಿದ ಹಾಗಾಗಿತ್ತು. ನಾಚಿಕೆಯಾಯಿತು. ಜೊತೆಗೆ ಸ್ವಲ್ಪ ಹಗುರವೂ ಆಯಿತು.

ಹಾಗಾದರೆ ಪೀಣ್ಯದ ನನ್ನ ಸಂಬಳದ ಸಿಟಿಸಿ ಎಷ್ಟು? ತಿಂಗಳಿಗೆ ಒಟ್ಟು 54,000, ಅದರಲ್ಲಿ ಪಿಎಫ್ 1,800 ಮತ್ತು ವೃತ್ತಿ ತೆರಿಗೆ 200 ಕಳೆದು ಕೈಗೆ 52,000. ನಮ್ಮ ಓನರ್ ಪಿಎಫ್ ಕಟ್ಟುತ್ತಿದ್ದದ್ದು ಆಗ ಕಾನೂನಿನ ಮಿತಿಯಾಗಿದ್ದ 15,000ಕ್ಕೆ ಲೆಕ್ಕ ಹಾಕಿ ಮಾತ್ರ, ಅವರ ಪಾಲೂ 1,800. ವರ್ಷಕ್ಕೆ 6,48,000 ಮತ್ತು 21,600. ಆಯುಧ ಪೂಜೆಗೆ ಒಂದು ತಿಂಗಳ ಬೋನಸ್ 54,000. ನನ್ನ ಬೇಸಿಕ್ 27,000ದ ಮೇಲೆ ಗ್ರಾಚ್ಯುಟಿ ಸುಮಾರು 15,584. ಎಲ್ಲ ಕೂಡಿದರೆ 7,39,184. ಅದಕ್ಕೆ ಅವರದೇ ಶೇ 25 ಸೇರಿಸಿದರೆ 9.24 ಲಕ್ಷ. ಒಂದು ಫೋನಿನ ಎರಡು ವಾಕ್ಯಕ್ಕೆ ನಾನು ತೆತ್ತದ್ದು ಹೆಚ್ಚುಕಮ್ಮಿ ಒಂದೂವರೆ ಲಕ್ಷ.

ಸೋಮವಾರ ಕಳಿಸಿದ ಮೇಲ್‌ನಲ್ಲಿ ಬೇಸರದ ಒಂದು ಪದವನ್ನೂ ಹಾಕಲಿಲ್ಲ. ಆಫರ್‌ಗೆ ಧನ್ಯವಾದ, ಈ ಕಂಪನಿಗೇ ಬರಬೇಕೆಂದಿದ್ದೇನೆ, ಆದರೆ ಫೋನಿನಲ್ಲಿ ನಾನು ಹೇಳಿದ್ದು ಕೈಗೆ ಬರುವ ಮೊತ್ತ, ಅದು ನನ್ನ ತಪ್ಪು ಅಂತ ಬರೆದೆ. ಕೆಳಗೆ ಮೇಲಿನ ಲೆಕ್ಕವನ್ನು ನಾಲ್ಕು ಸಾಲಿನಲ್ಲಿ ಇಟ್ಟೆ. ಮೂರು ತಿಂಗಳ ಸ್ಯಾಲರಿ ಸ್ಲಿಪ್, ಫಾರಂ 16, ಬೋನಸ್ ಜಮಾ ಆದ ಬ್ಯಾಂಕ್ ಸ್ಟೇಟ್‌ಮೆಂಟಿನ ಪುಟ ಲಗತ್ತಿಸಿದೆ. ಅದೃಷ್ಟಕ್ಕೆ ನಮ್ಮ ಓನರ್ ಬೋನಸ್ಸನ್ನು ಬ್ಯಾಂಕಿಗೇ ಹಾಕುತ್ತಿದ್ದರು. ಪೀಣ್ಯದಲ್ಲಿ ಕವರಿನಲ್ಲಿ ಕೊಡುವವರೂ ಇದ್ದಾರೆ, ಆ ದುಡ್ಡಿಗೆ ಎಚ್‌ಆರ್ ಕಣ್ಣಲ್ಲಿ ಅಸ್ತಿತ್ವವೇ ಇಲ್ಲ.

ಗ್ರೇಡಿಗೆ ಬೇರೆ ಪುಟ ಬರೆದೆ. ಎಷ್ಟು ವರ್ಷ ಅನ್ನುವುದನ್ನು ಬಿಟ್ಟು ಏನು ಮಾಡಿದ್ದೇನೆ ಅನ್ನುವುದನ್ನು ಹಾಕಿದೆ. ವಿಮಾನ ಭಾಗಗಳಿಗಿರುವ ಎಎಸ್ 9102 ಮಾನದಂಡದ ಪ್ರಕಾರ ಫಸ್ಟ್ ಆರ್ಟಿಕಲ್ (ಹೊಸ ಭಾಗದ ಮೊದಲ ನಗದ ತಪಾಸಣೆ) ರಿಪೋರ್ಟುಗಳನ್ನು ನಾನೇ ತಯಾರಿಸಿ ಗಿರಾಕಿಯಿಂದ ಒಪ್ಪಿಗೆ ಪಡೆದದ್ದು, ಗೇಜ್ ಆರ್ ಅಂಡ್ ಆರ್ (ಅಳತೆಯನ್ನೇ ಎಷ್ಟು ನಂಬಬಹುದು ಅನ್ನುವ ಪರೀಕ್ಷೆ) ಮಾಡಿದ್ದು, ಹೊಸ ಹುಡುಗರಿಗೆ ಜಿಡಿ ಅಂಡ್ ಟಿ (ಡ್ರಾಯಿಂಗಿನಲ್ಲಿ ಆಕಾರ, ಜಾಗದ ಮಿತಿ ಹೇಳುವ ಗುರುತುಗಳು) ಕಲಿಸಿದ್ದು. ಕೇಳಿದ್ದು 9.25 ಮತ್ತು ಸೀನಿಯರ್ ಇಂಜಿನಿಯರ್ ಗ್ರೇಡ್. ಶುಕ್ರವಾರ ಸಂಜೆ ಆರರೊಳಗೆ ಒಪ್ಪಿಗೆ ಹೇಳಬೇಕಿತ್ತು. ಅದನ್ನು ಮುಂದಕ್ಕೆ ಹಾಕಿ ಅಂತ ಕೇಳಬೇಕೆನಿಸಿದರೂ ಕೇಳಲಿಲ್ಲ. ಧೈರ್ಯ ಸಾಲಲಿಲ್ಲ ಅನ್ನುವುದೇ ಸರಿ.

ಗುರುವಾರ ಮಧ್ಯಾಹ್ನ ಫೋನ್ ಬಂತು. "6.24 ಅಂತ ನೀವೇ ಹೇಳಿದ್ದಲ್ವಾ ಸರ್" ಅಂತಲೇ ಶುರು. "ಹೌದು ಮೇಡಂ, ನಾನೇ ಹೇಳಿದ್ದು, ತಪ್ಪಾಗಿ ಹೇಳಿದೆ" ಅಂದೆ. ಹಾಗೆ ಒಪ್ಪಿಕೊಂಡ ಮೇಲೆ ಅವರ ದನಿ ಮೆತ್ತಗಾಯಿತು. ವೇರಿಯಬಲ್ ಅನ್ನು ಫಿಕ್ಸೆಡ್‌ಗೆ ಸೇರಿಸಿ ಅಂದೆ, ಪಾಲಿಸಿ ಅಂದರು. ಪಿಎಫ್ ಅನ್ನು 1,800ಕ್ಕೆ ನಿಲ್ಲಿಸಬಹುದಾ ಅಂದೆ, ಅದೂ ಪಾಲಿಸಿ. ಗ್ರೇಡ್ ಬದಲಾಗಲ್ಲ, ಆರು ತಿಂಗಳಿಗೆ ರಿವ್ಯೂ ಮಾಡೋಣ ಅಂದರು. ಅದನ್ನು ಮೇಲ್‌ನಲ್ಲಿ ಬರೆದು ಕೊಡಿ ಅಂದದ್ದಕ್ಕೆ ನಕ್ಕರು. ಕೊನೆಗೆ ಸಿಕ್ಕಿದ್ದು 8,40,000, ಜೊತೆಗೆ 50,000 ಜಾಯಿನಿಂಗ್ ಬೋನಸ್. ವರ್ಷದೊಳಗೆ ಬಿಟ್ಟರೆ ಬೋನಸ್ ವಾಪಸ್ ಕೊಡಬೇಕು.

ಮತ್ತೆ ಅದೇ ಕಳೆಯುವ ಲೆಕ್ಕ. ಕೈಗೆ 49,216. ಈಗಲೂ 2,784 ಕಮ್ಮಿ. ಆದರೆ ಪಿಎಫ್‌ನಲ್ಲಿ ನನ್ನದು 4,200, ಅವರದು 4,200, ಒಟ್ಟು 8,400. ಪೀಣ್ಯದಲ್ಲಿ ಎರಡೂ ಸೇರಿ 3,600. ಅವರ ಪಾಲಿನಲ್ಲಿ 1,250 ಪಿಂಚಣಿ ಖಾತೆಗೆ ಹೋಗುತ್ತದೆ, ಇರಲಿ. ಕಾಗದದ ಮೇಲೆ ನೋಡಿದರೆ ನಾನು ಗೆದ್ದಿದ್ದೇನೆ. ಅಪ್ಪನಿಗೆ ಇದನ್ನು ವಿವರಿಸಿದಾಗ, "ಅದು ಅಟ್ಟದ್ ಮೇಲಿನ ಕೊಬ್ರಿ. ಸಂತೆಗೆ ಏನ್ ತಗೊಂಡ್ ಹೋಗ್ತೀಯ?" ಅಂದರು. ನಾನು ನೋಡಿದ ಯಾವ ಪೇ ಕ್ಯಾಲ್ಕುಲೇಟರೂ ಇಷ್ಟು ಸ್ಪಷ್ಟವಾಗಿ ಹೇಳಿಲ್ಲ. ಸಾಲದ ಕಂತು, ಮನೆ ಬಾಡಿಗೆ, ಊರಿಗೆ ಕಳಿಸುವುದನ್ನು ಕೈಗೆ ಬರುವ ದುಡ್ಡಿನ ಎದುರಿಗೇ ಇಡಬೇಕು. ಇಟ್ಟೆ. ಯಲಹಂಕದಲ್ಲಿ ಬಾಡಿಗೆ 2,000 ಜಾಸ್ತಿ ಆಗುತ್ತಿತ್ತು. ಜಾಯಿನಿಂಗ್ ಬೋನಸ್ಸನ್ನು ಹನ್ನೆರಡು ಭಾಗ ಮಾಡಿದರೆ ತಿಂಗಳಿಗೆ 4,166. ಒಂದು ವರ್ಷ ಕಷ್ಟವಿಲ್ಲದೆ ತಳ್ಳಬಹುದು, ಅಷ್ಟರಲ್ಲಿ ಲೋನ್ ಮುಗಿಯುತ್ತದೆ. ಲೋನ್ ಇನ್ನೂ ಮೂರು ವರ್ಷ ಇದ್ದಿದ್ದರೆ ನಾನು ಬೇಡ ಅನ್ನುತ್ತಿದ್ದೆ.

ಶುಕ್ರವಾರ ಐದೂವರೆಗೆ ಒಪ್ಪಿಗೆ ಕಳಿಸಿದೆ. ಸಂಭ್ರಮ ಆಗಲಿಲ್ಲ.

ಇನ್ನೊಂದು ಲೆಕ್ಕ ಇಲ್ಲೇ ಹೇಳಿಬಿಡುತ್ತೇನೆ, ಎಷ್ಟೋ ಜನ ಮರೆಯುತ್ತಾರೆ. ನಾನು ಶಾಪಿಗೆ ಸೇರಿದ್ದು 2019ರ ಜುಲೈ. ಐದು ವರ್ಷ ತುಂಬಿ ಒಂದು ತಿಂಗಳಾಗಿತ್ತಷ್ಟೆ. ಬೇಸಿಕ್ 27,000ವನ್ನು 26ರಿಂದ ಭಾಗಿಸಿ 15ರಿಂದ, ಮತ್ತೆ 5ರಿಂದ ಗುಣಿಸಿದರೆ 77,885 ಗ್ರಾಚ್ಯುಟಿ. ಆ ವರ್ಷ ಮಾರ್ಚ್‌ನಲ್ಲಿ ಬೇರೆ ಕಡೆಯ ಒಂದು ಆಫರ್‌ಗೆ ಹೂಂ ಅಂದುಬಿಡುವವನಿದ್ದೆ. ಅಂದಿದ್ದರೆ ಅಷ್ಟೂ ಕೈತಪ್ಪಬಹುದಿತ್ತು.

ಓನರ್‌ಗೆ ರಾಜೀನಾಮೆ ಕೊಟ್ಟಾಗ ಅವರು ಒಂದು ನಿಮಿಷ ಮಾತಾಡಲಿಲ್ಲ. "ಕೈಗೆ ಎಷ್ಟು?" ಅಂದರು. ಹೇಳಿದೆ. "ಕಮ್ಮಿಗೆ ಹೋಗ್ತಿದ್ದೀಯಲ್ಲೋ" ಅಂದರು. ಉಳಿಸಿಕೊಳ್ಳಲು ಏನೂ ಹೇಳಲಿಲ್ಲ. ಅರವತ್ತು ದಿನದ ನೋಟಿಸಿನ ನಡುವೆ ಆಯುಧ ಪೂಜೆ ಬಂತು. ಬಿಟ್ಟು ಹೋಗುವ ನನಗೆ ಅವರು ಆ ಬೋನಸ್ ಕೊಡಲೇಬೇಕೆಂದೇನಿರಲಿಲ್ಲ. ಸಿಎಂಎಂಗೆ ಕುಂಬಳಕಾಯಿ ಒಡೆದು ಬಂದು ನೋಡಿದರೆ ಮೊಬೈಲಿನಲ್ಲಿ 54,000 ಜಮಾ ಆಗಿದ್ದ ಮೆಸೇಜು. ಆಗ ಅಳು ಬಂದದ್ದು ನಿಜ.

ನವೆಂಬರ್ 4ರಂದು ಹೊಸ ಕಂಪನಿಗೆ ಸೇರಿದೆ. ಏಪ್ರಿಲ್‌ನಲ್ಲಿ ಐದು ತಿಂಗಳ ಪಾಲಿನ ವೇರಿಯಬಲ್ 35,000 ಬರಬೇಕಿತ್ತು, ಶೇ 80 ಅಂತ 28,000 ಬಂತು. ಆರು ತಿಂಗಳ ರಿವ್ಯೂ ಬಗ್ಗೆ ಕೇಳಿದರೆ ಆ ಮೇಡಂ ಆಗಲೇ ಬೇರೆ ಕಂಪನಿಗೆ ಹೋಗಿದ್ದರು, ಅವರ ಜಾಗಕ್ಕೆ ಬಂದವರಿಗೆ ವಿಷಯವೇ ಗೊತ್ತಿಲ್ಲ. ಗ್ರೇಡ್ ಅದೇ ಇದೆ. ನನಗಿಂತ ಎರಡು ವರ್ಷ ಚಿಕ್ಕವನೊಬ್ಬ ನನ್ನ ರಿಪೋರ್ಟಿಗೆ ಸಹಿ ಹಾಕುತ್ತಾನೆ. ಒಳ್ಳೆಯ ಹುಡುಗ, ಅದೇ ಇನ್ನೂ ಕಷ್ಟ. ಕೆಲಸ ಮಾತ್ರ, ಹೇಳಬೇಕು, 2015ರಲ್ಲಿ ಗಾಜಿನೊಳಗೆ ನೋಡಿದಂಥದ್ದೇ. ತೆಳು ಗೋಡೆಯ ಭಾಗವನ್ನು ಕ್ಲಾಂಪ್ ಬಿಗಿ ಮಾಡಿದರೆ ಬಾಗುತ್ತದೆ, ಸಡಿಲ ಬಿಟ್ಟರೆ ಅಲುಗುತ್ತದೆ. ಅದನ್ನು ಕೂರಿಸುವುದರಲ್ಲೇ ಅರ್ಧ ದಿನ ಹೋಗುತ್ತದೆ. ಅಪ್ಪನ ಅಟ್ಟದ ಕೊಬ್ಬರಿಯೂ ದರ ಏರುವ ಮೊದಲೇ ಖಾಲಿಯಾಗಿತ್ತು. 2025ರಲ್ಲಿ ಅದೇ ತಿಪಟೂರಿನಲ್ಲಿ ಕ್ವಿಂಟಾಲಿಗೆ 20 ಸಾವಿರ ದಾಟಿತು. ಆ ವಿಷಯ ನಾನು ಅವರ ಹತ್ತಿರ ಎತ್ತುವುದಿಲ್ಲ.

2025ರ ಫೆಬ್ರವರಿಯಲ್ಲಿ ಮತ್ತೆ ಏರೋ ಇಂಡಿಯಾ ಬಂತು. ನನಗೆ ಎರಡನೇ ಪಾಳಿ. ಬಳ್ಳಾರಿ ರಸ್ತೆಯಲ್ಲಿ ವಾಯುನೆಲೆಯ ಹತ್ತಿರ ಕಂಪನಿ ಬಸ್ಸು ನಿಂತಿತು. ಮುಂದೆ ನೋಡಿದರೆ ಅಷ್ಟುದ್ದಕ್ಕೂ ಕಾರು. ತಲೆ ಮೇಲೆ ಜೆಟ್ಟೊಂದು ಕಿವಿ ಕಿತ್ತುಹೋಗುವ ಹಾಗೆ ಮೇಲೇರಿತು. ಬಸ್ಸಿನವರೆಲ್ಲ ಬಲಗಡೆ ಕಿಟಕಿಗೆ ಬಂದು ಅದು ತೇಜಸ್ಸೋ ರಷ್ಯಾದ ಎಸ್‌ಯು-57ಓ ಅಂತ ಜಗಳಕ್ಕೆ ನಿಂತರು. ನಾನೂ ಎದ್ದು ನಿಂತೆ. ಹಿಂದಿನ ಸೀಟಿನಿಂದ ಯಾರೋ, "ಲೇಟ್ ಪಂಚ್ ಆದ್ರೆ ಅರ್ಧ ದಿನ ಹೋಗುತ್ತಾ ಸರ್?" ಅಂತ ಕೇಳಿದರು. ಹೊಸಬ, ಆ ತಿಂಗಳು ಸೇರಿದವನು. ಬಸ್ಸು ತಡವಾದರೆ ಹಿಡಿಯಲ್ಲ ಅಂದೆ.