ಏಪ್ರಿಲ್ ನಡುವೆ ಸುಝೌ: ನಾನು ಹಾಕಿಕೊಂಡ ಲೆಕ್ಕ

ಚೀನಾದ ಕಾಲುವೆ, ಉದ್ಯಾನ, ರೇಷ್ಮೆಯ ಊರು ಸುಝೌಗೆ ವಸಂತದಲ್ಲಿ ಹೋಗಬೇಕು ಅಂದುಕೊಂಡವರು ಮೊದಲು ಹುಡುಕುವುದು ಯಾವ ಹೂವು ಯಾವಾಗ ಅರಳುತ್ತೆ ಅಂತ. ನಾನು ಹುಡುಕಿದ್ದು ಚೀನಾದ ಸರ್ಕಾರಿ ರಜೆಗಳ ಪಟ್ಟಿ. ಏಪ್ರಿಲ್ 4 ಅಥವಾ 5ರ ಸುಮಾರಿಗೆ ಚಿಂಗ್‌ಮಿಂಗ್ ಬರುತ್ತೆ. ಹಿರಿಯರ ಸಮಾಧಿಗೆ ಹೋಗಿ ಗುಡಿಸಿ ಪೂಜೆ ಮಾಡುವ ಹಬ್ಬ ಅದು. ಮೂರು ದಿನ ರಜೆ. ಆಮೇಲೆ ಮೇ 1ರ ರಜೆ ಇನ್ನೂ ಉದ್ದ. ಶಾಂಘೈ ಸುಝೌನಿಂದ ರೈಲಿನಲ್ಲಿ ಅರ್ಧ ಗಂಟೆ ಅಷ್ಟೇ. ಆ ಊರಿನ ಜನ ರಜೆಗೆ ಹೊರಟರೆ ಸುಝೌದ ಗಲ್ಲಿಗಳಲ್ಲಿ ಕಾಲಿಡಲು ಜಾಗ ಇರಲ್ಲ.

ಹಾಗಾಗಿ ಈ ಎರಡು ರಜೆಗಳ ನಡುವಿನ ವಾರಗಳನ್ನು ಹಿಡಿದೆ. ಅದರಲ್ಲೂ ಉದ್ಯಾನಗಳಿಗೆ ಸೋಮವಾರದಿಂದ ಗುರುವಾರದವರೆಗಿನ ದಿನಗಳು ಮಾತ್ರ. ಒಂದು ಸಣ್ಣ ಗುಟ್ಟೂ ಇದೆ. ಚೀನಾದಲ್ಲಿ ಉದ್ದ ರಜೆ ಕೊಟ್ಟರೆ ಅದಕ್ಕೆ ಬದಲಾಗಿ ಹತ್ತಿರದ ಒಂದು ಶನಿವಾರ ಅಥವಾ ಭಾನುವಾರ ಕೆಲಸ ಮಾಡಿಸುತ್ತಾರೆ. ಆ ದಿನ ನಮಗೆ ವಾರಾಂತ್ಯದ ಹಾಗೆ ಕಂಡರೂ ಅಲ್ಲಿ ಆಫೀಸು, ಶಾಲೆ ಎಲ್ಲ ನಡೆಯುತ್ತಿರುತ್ತವೆ. ಪಟ್ಟಿ ಹಿಂದಿನ ವರ್ಷದ ಕೊನೆಗೇ ಹೊರಬರುತ್ತೆ. ಟಿಕೆಟ್ ಬುಕ್ ಮಾಡುವ ಮೊದಲು ಒಮ್ಮೆ ನೋಡಿಕೊಳ್ಳಿ.

ಹೂವಿನ ವಿಚಾರದಲ್ಲೂ ಏನೂ ಕಳೆದುಕೊಳ್ಳಲಿಲ್ಲ. ಚೆರ್ರಿ ಮುಗಿದಿರುತ್ತೆ, ಅಝೇಲಿಯಾ ಶುರುವಾಗಿರುತ್ತೆ. ಮಳೆ ಮಾತ್ರ ಇದ್ದೇ ಇರುತ್ತೆ. ನಮ್ಮ ಮುಂಗಾರಿನಂತೆ ಸುರಿಯುವುದಲ್ಲ, ತುಂತುರು. ಬೆಳಿಗ್ಗೆ ಒಂದು ಸ್ವೆಟರ್, ಮಡಚುವ ಛತ್ರಿ, ಜಾರದ ಚಪ್ಪಲಿ ಬೇಕೇ ಬೇಕು. ಕಾಲುವೆ ಬದಿಯ ಕಲ್ಲುಹಾಸು ಒದ್ದೆಯಾದರೆ ನಯವಾಗಿ ಜಾರುತ್ತೆ.

ಈ ಊರೇ ಯಾಕೆ ಅಂತ ಹೇಳಬೇಕು. ಅಪ್ಪ ಶಿಡ್ಲಘಟ್ಟದ ಕಡೆ ಹುಳು ಸಾಕಿ ನಮ್ಮನ್ನು ಓದಿಸಿದವರು. ನಮ್ಮ ಮನೆಯಲ್ಲಿ ಚೀನಾ ರೇಷ್ಮೆಯ ಮಾತು ಬರುತ್ತಿದ್ದದ್ದು ಗೂಡಿನ ರೇಟು ಬಿದ್ದಾಗ. ಆ ರೇಷ್ಮೆ ಹುಟ್ಟುವ ಊರನ್ನು ಒಮ್ಮೆ ನೋಡಬೇಕು ಅಂತ ಅವರೇ ಆಗಾಗ ಹೇಳುತ್ತಿದ್ದರು. ಅದಕ್ಕೇ ಅಪ್ಪ, ಅಮ್ಮ ಇಬ್ಬರನ್ನೂ ಕರೆದುಕೊಂಡು ಹೋದೆ. ಮಿಂಗ್, ಚಿಂಗ್ ಅರಸರ ಕಾಲದಲ್ಲಿ ಅರಮನೆಗೆ ಬಟ್ಟೆ ನೇಯುವ ಸರ್ಕಾರಿ ಕಾರ್ಖಾನೆ ಸುಝೌದಲ್ಲಿತ್ತು. ಮಾಲು ಬೀಜಿಂಗ್‌ಗೆ ಹೋಗುತ್ತಿದ್ದದ್ದು ಸುಮಾರು 1,800 ಕಿಲೋಮೀಟರ್ ಉದ್ದದ ಮಹಾ ಕಾಲುವೆಯಲ್ಲಿ, ದೋಣಿಗಳ ಮೇಲೆ. ಕಾಲುವೆ ಮತ್ತು ರೇಷ್ಮೆ ಬೇರೆ ಬೇರೆ ಅಲ್ಲ ಅಲ್ಲಿ.

ಇನ್ನು ಹೋಗುವ ದಾರಿ. ವೀಸಾ ಬೇಕು. ಹತ್ತು ದಿನ ವೀಸಾ ಇಲ್ಲದೆ ಇಳಿಯುವ ಟ್ರಾನ್ಸಿಟ್ ಸೌಲಭ್ಯದ ಪಟ್ಟಿಯಲ್ಲಿ ಭಾರತ ಇಲ್ಲ. ಅಮೆರಿಕದ ಪಾಸ್‌ಪೋರ್ಟ್ ಇರುವ ನೆಂಟರ ಮಾತು ಕೇಳಿ ಧೈರ್ಯ ಮಾಡಬೇಡಿ. ಬೆಂಗಳೂರಿನಿಂದ ಹಾಂಗ್‌ಕಾಂಗ್ ಅಥವಾ ಸಿಂಗಪುರ ಬಳಸಿ ಶಾಂಘೈನ ಪುಡಾಂಗ್‌ಗೆ ಹೋಗಬಹುದು. ಸುಝೌಗೆ ಸ್ವಂತ ವಿಮಾನ ನಿಲ್ದಾಣ ಇಲ್ಲ. ಪುಡಾಂಗ್‌ನಿಂದ ಶಾಂಘೈನ ಇನ್ನೊಂದು ಬದಿಯ ದೊಡ್ಡ ರೈಲು ನಿಲ್ದಾಣ ಹಾಂಗ್‌ಚಾವ್‌ಗೆ 2024ರ ಡಿಸೆಂಬರ್‌ನಲ್ಲಿ ಶುರುವಾದ ಏರ್‌ಪೋರ್ಟ್ ರೈಲು ಇದೆ, ಸುಮಾರು 40 ನಿಮಿಷ. ಮೊದಲಿನ ಹಾಗೆ ಮೆಟ್ರೋದಲ್ಲಿ ಇಡೀ ಶಾಂಘೈ ದಾಟಬೇಕಿಲ್ಲ. ಹಾಂಗ್‌ಚಾವ್‌ನಿಂದ ಬುಲೆಟ್ ರೈಲು. ಇಲ್ಲಿ ಒಂದು ಎಚ್ಚರ. ಸುಝೌ ಹೆಸರಿನ ಸ್ಟೇಷನ್‌ಗಳು ಒಂದಕ್ಕಿಂತ ಜಾಸ್ತಿ ಇವೆ. ಹಳೇ ಊರಿಗೆ ಹತ್ತಿರದ್ದು ಬರೀ "ಸುಝೌ" ಅಂತ ಇರುವುದು. "ಸುಝೌ ಉತ್ತರ" ದೂರ. ರೈಲು ಟಿಕೆಟ್ 15 ದಿನ ಮೊದಲು ಮಾರಾಟಕ್ಕೆ ಬರುತ್ತೆ, ಪಾಸ್‌ಪೋರ್ಟೇ ಟಿಕೆಟ್.

ಅಲ್ಲಿ ದುಡ್ಡು ಕೊಡಲು ಬಳಸುವ ಆಲಿಪೇ ಆ್ಯಪ್‌ಗೆ ನಮ್ಮ ಕಾರ್ಡ್ ಜೋಡಿಸುವ ಕೆಲಸವನ್ನು ಮನೆಯಲ್ಲೇ ಮುಗಿಸಿ. ಒಟಿಪಿ ಬರುವ ಸಿಮ್ ಕೈಯಲ್ಲಿರುವಾಗಲೇ ಮಾಡಿದರೆ ತಲೆನೋವು ಇಲ್ಲ. ಗೂಗಲ್, ವಾಟ್ಸಾಪ್ ಎರಡೂ ಅಲ್ಲಿನ ವೈಫೈನಲ್ಲಿ ನಡೆಯುವುದಿಲ್ಲ. ರೋಮಿಂಗ್ ಸಿಮ್‌ನಲ್ಲಿ ನಡೆಯುತ್ತವೆ.

ಉಳಿಯುವ ಜಾಗದ ಬಗ್ಗೆ ನನ್ನದು ಒಂದೇ ಹಟ ಇತ್ತು: ಹಳೇ ಊರನ್ನು ಸುತ್ತುವರಿದ ಕಂದಕದ ಒಳಗೇ ಇರಬೇಕು. ಈ ಭಾಗ ಬರೀ 14 ಚದರ ಕಿಲೋಮೀಟರ್ ಚಿಲ್ಲರೆ. ವೂ ರಾಜ್ಯದ ದೊರೆ ಹೆಲ್ಯು ಕ್ರಿಸ್ತಪೂರ್ವ 514ರಲ್ಲಿ ಕಟ್ಟಿಸಿದ ಊರು ಇದು. 1229ರಲ್ಲಿ ಕಲ್ಲಿನ ಮೇಲೆ ಕೆತ್ತಿದ ಊರಿನ ನಕ್ಷೆಯೊಂದು ಅಲ್ಲಿನ ಕನ್‌ಫ್ಯೂಷಿಯಸ್ ಗುಡಿಯಲ್ಲಿದೆ. ಆ ನಕ್ಷೆಯ ಎಷ್ಟೋ ಕಾಲುವೆ, ಬೀದಿಗಳು ಇವತ್ತಿಗೂ ಅದೇ ಜಾಗದಲ್ಲಿವೆ. ಬೀದಿ, ಅದರ ಪಕ್ಕ ಕಾಲುವೆ. ಮನೆಯ ಮುಂಬಾಗಿಲು ಬೀದಿಗೆ, ಹಿತ್ತಿಲ ಮೆಟ್ಟಿಲು ನೀರಿಗೆ. ಹೊಸ ಊರಿನ ಕಡೆ ಹೋಟೆಲು ಅಗ್ಗ, ದೊಡ್ಡದು. ಆದರೆ ಬೆಳಿಗ್ಗೆ ಆರೂವರೆಗೆ ಪಿಂಗ್‌ಜಿಯಾಂಗ್ ಬೀದಿಯಲ್ಲಿ ನಡೆಯುವ ಸುಖ ಅಲ್ಲಿಂದ ಸಿಗಲ್ಲ. ಹತ್ತು ಗಂಟೆಯ ಮೇಲೆ ಅದೇ ಬೀದಿ ಜಾತ್ರೆ. ಲಿಂದುನ್ ಲು ಮೆಟ್ರೋ ಸ್ಟೇಷನ್ ಸುತ್ತಮುತ್ತ ಹುಡುಕಿ. ಸಣ್ಣ ಹೋಟೆಲ್ ಆದರೆ ವಿದೇಶಿ ಪಾಸ್‌ಪೋರ್ಟ್ ತೆಗೆದುಕೊಳ್ಳುತ್ತಾರಾ ಅಂತ ಮೊದಲೇ ಬರೆದು ಕೇಳಿ.

ಇನ್ನು ಉದ್ಯಾನಗಳು. ಯುನೆಸ್ಕೋ ಪಟ್ಟಿಯಲ್ಲಿ ಒಂಬತ್ತು ಇವೆ. ಒಂಬತ್ತನ್ನೂ ನೋಡುತ್ತೇವೆ ಅಂತ ಹೊರಟರೆ ಮೂರನೆಯದರ ಹೊತ್ತಿಗೆ ಎಲ್ಲವೂ ಒಂದೇ ತರಹದ ಕೊಳ, ಬಂಡೆ, ಮಂಟಪ ಅನ್ನಿಸುತ್ತೆ. ದಿನಕ್ಕೆ ಒಂದೇ ಅಂತ ನಿಯಮ ಮಾಡಿಕೊಂಡೆ. ಝುವೊಝೆಂಗ್ ಉದ್ಯಾನ ಎಲ್ಲಕ್ಕಿಂತ ದೊಡ್ಡದು, ಸುಮಾರು ಐದು ಹೆಕ್ಟೇರ್. ಬೆಳಿಗ್ಗೆ ಏಳೂವರೆಗೆ ಬಾಗಿಲು ತೆಗೆಯುತ್ತಾರೆ, ಆಗಲೇ ಒಳಗೆ ಇರಬೇಕು. ಧ್ವಜ ಹಿಡಿದ ಗೈಡುಗಳು ಬರುವ ಮೊದಲು ಸಿಗುವ ಹೊತ್ತು ಅದೊಂದೇ. ಆ ಉದ್ಯಾನದಲ್ಲಿ ಒಂದು ಕಡೆ ನಿಂತರೆ ನೀರಿನಾಚೆ, ಮರಗಳ ಮೇಲೆ ದೂರದ ಬೈಸಿ ಗೋಪುರ ಕಾಣುತ್ತೆ. ಅದು ಉದ್ಯಾನದ್ದಲ್ಲ, ಊರಿನದ್ದು. ಆದರೂ ಒಳಗೇ ಇದೆಯೇನೋ ಅನ್ನುವ ಹಾಗೆ ಕೊಳ, ಮರಗಳನ್ನು ಜೋಡಿಸಿದ್ದಾರೆ. ನನಗೆ ಜಾಸ್ತಿ ಹಿಡಿಸಿದ್ದು ಮಾತ್ರ ಚಿಕ್ಕದಾದ ವಾಂಗ್‌ಶಿ ಉದ್ಯಾನ. ಅದರ ಒಂದು ಅಂಗಳವನ್ನು ಮಾದರಿಯಾಗಿ ಇಟ್ಟುಕೊಂಡು ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಅಂಥದ್ದೇ ಒಂದು ಕಟ್ಟಿದ್ದಾರೆ. ವಸಂತದಿಂದ ಶುರುವಾಗುವ ರಾತ್ರಿ ಪ್ರವೇಶವೂ ಅಲ್ಲಿದೆ. ಒಂದೊಂದು ಕೋಣೆಯಲ್ಲಿ ಒಂದೊಂದು ಹಾಡು, ಕುನ್‌ಚು ನಾಟಕದ ತುಣುಕು. ಹಗಲು ಹೋದವರು ರಾತ್ರಿಯೂ ಹೋಗುವುದು ದುಡ್ಡು ದಂಡ ಅಲ್ಲ.

ಸಿಂಹವನ ಅನ್ನುವ ಉದ್ಯಾನವನ್ನು ಬಿಟ್ಟೆವು. ಬಂಡೆಗಳ ನಡುವೆ ಇಕ್ಕಟ್ಟಿನ ಗುಹೆ, ಏರು, ಇಳಿತ. ಮಕ್ಕಳಿಗೆ ಹಬ್ಬ, ಅಪ್ಪನ ಮಂಡಿಗೆ ಶಿಕ್ಷೆ. ಒಂದು ಕಾಲಕ್ಕೆ ಆ ತೋಟ ಇದ್ದದ್ದು ವಾಸ್ತುಶಿಲ್ಪಿ ಐ.ಎಂ. ಪೇ ಅವರ ಮನೆತನದ ಕೈಯಲ್ಲಿ. ಅವರೇ ವಿನ್ಯಾಸ ಮಾಡಿದ ಸುಝೌ ಮ್ಯೂಸಿಯಂ 2006ರಲ್ಲಿ ಹತ್ತಿರದಲ್ಲೇ ತೆರೆಯಿತು. ಮ್ಯೂಸಿಯಂ ಉಚಿತ, ಆದರೆ ಮುಂಚೆ ಬುಕ್ ಮಾಡಿರಬೇಕು, ಸೋಮವಾರ ರಜೆ. ಅದರ ಹಳೇ ಭಾಗದ ಅಂಗಳದಲ್ಲಿ ಮಿಂಗ್ ಕಾಲದ ಚಿತ್ರಕಾರ ವೆನ್ ಝೆಂಗ್‌ಮಿಂಗ್ ನೆಟ್ಟದ್ದು ಅಂತ ಹೇಳುವ ವಿಸ್ಟೀರಿಯಾ ಬಳ್ಳಿ ಇದೆ. ಏಪ್ರಿಲ್ ಶುರುವಿನಲ್ಲಿ ಹೋದವರಿಗೆ ಅದರ ಹೂವು ಜೋರಾಗಿ ಸಿಗುತ್ತೆ, ನಮಗೆ ಎಲೆಯೇ ಜಾಸ್ತಿ ಸಿಕ್ಕಿತು.

ರೇಷ್ಮೆ ಮ್ಯೂಸಿಯಂ ಬೈಸಿ ಗೋಪುರದ ಹತ್ತಿರ. ಇಲ್ಲಿಗೆ ಅರ್ಧ ದಿನ ಇಟ್ಟಿದ್ದೆ, ಅದೂ ಸಾಲಲಿಲ್ಲ. ಹಳೇ ಮಗ್ಗಗಳ ಮುಂದೆ ಅಪ್ಪ ಕದಲಲಿಲ್ಲ. ಆದರೆ ಅವರನ್ನು ಬೆರಗಾಗಿಸಿದ್ದು ಮಗ್ಗ ಅಲ್ಲ, ಆಮೇಲೆ ಒಂದು ಅಂಗಡಿಯಲ್ಲಿ ನೋಡಿದ ಕೌದಿ ಕೆಲಸ. ಎರಡು ಹುಳು ಸೇರಿ ಒಂದೇ ಗೂಡು ಕಟ್ಟಿದರೆ ಎಳೆ ಸಿಕ್ಕಾಗುತ್ತೆ, ಸಲೀಸಾಗಿ ನೂಲು ಬಿಚ್ಚಲು ಬರಲ್ಲ. ನಮ್ಮ ಕಡೆ ಜೋಡಿಗೂಡನ್ನು ಆರಿಸಿ ಬೇರೆ ಹಾಕುತ್ತಾರೆ, ರೇಟೂ ಕಮ್ಮಿ. ಅಲ್ಲಿ ಅದನ್ನೇ ಬೇಯಿಸಿ, ಬಿಲ್ಲಿನಂಥ ಚೌಕಟ್ಟಿಗೆ ಎಳೆದು ಹಾಕಿ, ಒಣಗಿಸಿ, ನಾಲ್ಕು ಮೂಲೆಗೆ ನಾಲ್ಕು ಜನ ನಿಂತು ಹಾಸಿಗೆಯಗಲ ಎಳೆಯುತ್ತಾರೆ. ಪದರದ ಮೇಲೆ ಪದರ ಹಾಕಿದರೆ ರೇಷ್ಮೆ ಕೌದಿ.

"ನಾವು ಇದನ್ನ ಕೇಳಿದ ರೇಟಿಗೆ ಕೊಟ್ಟು ಕೈ ತೊಳ್ಕೊಂಡ್ವಲ್ಲಪ್ಪ" ಅಂದರು ಅಪ್ಪ. ಒಂದು ಮೂಲೆ ಹಿಡಿದು ಎಳೆಯಲು ಅವರಿಗೂ ಬಿಟ್ಟರು.

ಹುಳು ಸಾಕುವುದನ್ನು ನೋಡಬೇಕು ಅನ್ನುವವರಿಗೆ ನಾನು ಆರಿಸಿದ ದಿನಗಳು ಸರಿ ಹೋಗಲ್ಲ. ನಮ್ಮಲ್ಲಿ ವರ್ಷವಿಡೀ ಒಂದಾದ ಮೇಲೊಂದು ಬೆಳೆ ತೆಗೆಯುತ್ತೇವೆ. ಅಲ್ಲಿ ಚಳಿಗೆ ಹಿಪ್ಪುನೇರಳೆ ಬೋಳಾಗುತ್ತೆ. ಎಲೆ ಚೆನ್ನಾಗಿ ಬಿಟ್ಟ ಮೇಲೆ, ಏಪ್ರಿಲ್ ಕೊನೆಗೆ ಮೊದಲ ಚಾಕಿ, ಅಂದರೆ ಮರಿಹುಳು ಸಾಕಣೆ. ದೊಡ್ಡ ಹುಳು ಕಾಣಬೇಕಾದರೆ ಮೇ ನಡುವೆ ಹೋಗಬೇಕು.

ಊಟಕ್ಕೆ ಸ್ವಲ್ಪ ತಯಾರಿ ಬೇಕಾಯಿತು. ಅಪ್ಪ ಮಾಂಸ ತಿನ್ನುತ್ತಾರೆ, ಸೋಮವಾರ, ಶನಿವಾರ ಬಿಟ್ಟು. ಅಮ್ಮ ಪೂರ್ತಿ ಬಿಟ್ಟು ವರ್ಷಗಳಾಗಿವೆ. ಮಾಂಸ, ಮೀನು, ಮೊಟ್ಟೆ, ಹಂದಿ ಕೊಬ್ಬು, ಮೂಳೆ ಸಾರು ಯಾವುದೂ ಬೇಡ ಅಂತ ಚೀನೀ ಲಿಪಿಯಲ್ಲಿ ಫೋನಿನಲ್ಲಿ ಇಟ್ಟುಕೊಂಡಿದ್ದೆ. "ಸಸ್ಯಾಹಾರ" ಅಂದರೆ ಸಾಲದು, ಸಾರಿನಲ್ಲಿ ಮೂಳೆ ಬೆಂದಿರುತ್ತೆ. ಚಿಂಗ್‌ಮಿಂಗ್ ಹೊತ್ತಿಗೆ ಎಲ್ಲೆಲ್ಲೂ ಮಾರುವ ಹಸಿರು ಅಕ್ಕಿ ಉಂಡೆ, ಚಿಂಗ್‌ತುವಾನ್, ನೋಡಲು ನಮ್ಮ ಕಡುಬಿನ ಹಾಗೇ ಇದೆ. ಒಳಗಿನ ಕೆಂಪು ಕಾಳಿನ ಹೂರಣಕ್ಕೆ ಹಂದಿ ಕೊಬ್ಬು ಸೇರಿಸುವವರು ಇದ್ದಾರೆ, ಕೇಳಿಯೇ ತಿನ್ನಿ. ಲಿಯುಯುವಾನ್ ಉದ್ಯಾನಕ್ಕೆ ಹೋದ ದಿನ ಹತ್ತಿರದ ಶಿಯುವಾನ್ ಬೌದ್ಧ ದೇವಸ್ಥಾನದಲ್ಲಿ ಊಟ ಮಾಡಿದೆವು. ಅಣಬೆ, ಕಳಲೆ ಹಾಕಿದ ನೂಡಲ್ಸ್, ಪಕ್ಕಾ ಸಸ್ಯಾಹಾರ. ಅಮ್ಮ ಎರಡನೇ ಬಟ್ಟಲು ಕೇಳಿದ್ದು ಅಲ್ಲೊಂದೇ ಕಡೆ. ವಸಂತ ಕಳಲೆಯ ಕಾಲ, ಹಸಿ ಕಾಳಿನ ಕಾಲ. ಸಣ್ಣ ಹೋಟೆಲುಗಳಲ್ಲಿ ತರಕಾರಿ ಬುಟ್ಟಿ ಕಣ್ಣೆದುರೇ ಇದ್ದರೆ ಬೆರಳು ತೋರಿಸಿ ಹುರಿಸಿಕೊಳ್ಳಬಹುದು.

ಟೀ ಕೊಳ್ಳುವವರಿಗೆ ಏಪ್ರಿಲ್ ಒಳ್ಳೆಯ ತಿಂಗಳು. ಬಿಲುವೊಚುನ್ ಟೀ ಬೆಳೆಯುವುದು ಊರ ಪಕ್ಕದ ತೈಹು ಕೆರೆಯ ಗುಡ್ಡಗಳಲ್ಲಿ, ಹಣ್ಣಿನ ಮರಗಳ ನಡುವೆ. ಮೇಲ್ದರ್ಜೆಯ ಅರ್ಧ ಕಿಲೋಗೆ 60 ಸಾವಿರಕ್ಕೂ ಹೆಚ್ಚು ಎಳೆ ಚಿಗುರು ಬೇಕಂತೆ. ಚಿಂಗ್‌ಮಿಂಗ್‌ಗೆ ಮೊದಲು ಕಿತ್ತದ್ದಕ್ಕೆ ವಿಪರೀತ ಬೆಲೆ. ಒಂದೆರಡು ವಾರ ಕಳೆದು ಕಿತ್ತದ್ದು ಎಷ್ಟೋ ಅಗ್ಗ, ಮನೆಗೆ ಅದು ಧಾರಾಳ ಸಾಕು. ಲೋಟಕ್ಕೆ ಮೊದಲು ನೀರು, ಆಮೇಲೆ ಎಲೆ. ನೀರು ಕುದಿಯುತ್ತಿರಬಾರದು.

ನೀರೂರು, ಅಂದರೆ ಕಾಲುವೆಗಳ ಸುತ್ತ ಕಟ್ಟಿದ ಹಳೇ ಸಣ್ಣ ಊರು, ಒಂದನ್ನು ನೋಡಲೇಬೇಕು ಅನ್ನುವವರಿಗೆ ತೋಂಗ್ಲಿ ಸಾಕು. ಮೆಟ್ರೋ 4ನೇ ಲೈನಿನ ಕೊನೆಗೆ ಇಳಿದು ಒಂದು ಬಸ್ಸು. ಇನ್ನೊಂದು ನೀರೂರು ಝೌಝುವಾಂಗ್ ಹೆಸರು ದೊಡ್ಡದು, ಜನವೂ ಅಷ್ಟೇ. ವಾಪಸು ಶಾಂಘೈಗೆ ಭಾನುವಾರ ಸಂಜೆಯ ರೈಲು ಇಟ್ಟುಕೊಳ್ಳಬೇಡಿ, ಸೀಟು ಸಿಗುವುದು ಕಷ್ಟ. ಸೋಮವಾರ ಮಧ್ಯಾಹ್ನ ಹೊರಟರೆ ಕೌದಿಯ ಗಂಟು ಇಡಲೂ ಜಾಗ ಸಿಗುತ್ತೆ.