ನಕ್ಕ ಸಾಲಿನಿಂದ ಶುರುವಾಗುವ ಚರ್ಚೆ: ಡಿಸ್ಕ್‌ವರ್ಲ್ಡ್ ಓದುತ್ತಿರುವ ನಮ್ಮ ಬಳಗ

ಹಾಸ್ಯ ಕಾದಂಬರಿಯನ್ನು ಓದಿ ಬಂದವರು ಒಂದೆಡೆ ಕೂತಾಗ ಮಾತು ಬೇಗ ಮುಗಿದುಹೋಗುತ್ತದೆ. ಕಣ್ಣೀರು ತರಿಸಿದ ಪುಸ್ತಕದ ಬಗ್ಗೆ ಸಂಜೆಯಿಡೀ ವಾದಿಸುವವರು ಕೂಡ ನಗಿಸಿದ ಪುಸ್ತಕದ ಬಗ್ಗೆ "ಚೆನ್ನಾಗಿತ್ತು, ತುಂಬಾ ನಕ್ಕೆ" ಎಂದು ಸುಮ್ಮನಾಗುತ್ತಾರೆ. ಇಂಗ್ಲೆಂಡಿನ ಹಾಸ್ಯ ಲೇಖಕ ಟೆರಿ ಪ್ರಾಚೆಟ್ 1983ರಿಂದ ತಮ್ಮ ಕೊನೆಯ ದಿನಗಳವರೆಗೆ ಬರೆದ, ಮಾಟಮಂತ್ರವಿರುವ ಒಂದು ಕಲ್ಪಿತ ಲೋಕದಲ್ಲಿ ನಡೆಯುವ ಡಿಸ್ಕ್‌ವರ್ಲ್ಡ್ ಮಾಲೆಯ 41 ಕಾದಂಬರಿಗಳಿಗೆ ಈ ಗತಿ ಬರಬಾರದೆಂಬ ಹಟದಿಂದಲೇ ಬಸವನಗುಡಿ, ಜಯನಗರದ ಸುತ್ತಮುತ್ತಲಿನ ಕೆಲವು ಓದುಗರು ಸೇರಿ ಬಳಗ ಕಟ್ಟಿಕೊಂಡೆವು. ಓದುವುದು ಇಂಗ್ಲಿಷಿನಲ್ಲಿ, ಮಾತು ಪೂರ್ತಿ ಕನ್ನಡದಲ್ಲಿ. ಮಳೆಯಿಲ್ಲದ ಭಾನುವಾರಗಳಲ್ಲಿ ಕಬ್ಬನ್ ಪಾರ್ಕಿನ ಬಿದಿರುಮೆಳೆಗಳ ಬಳಿ ಸೇರುತ್ತೇವೆ, ಮಳೆಗಾಲದಲ್ಲಿ ಯಾರಾದರೊಬ್ಬರ ಮನೆಯಲ್ಲಿ. ಚರ್ಚೆಯನ್ನು ನಡೆಸಿಕೊಂಡು ಹೋಗುವ ಹೊಣೆ ಮೊದಲಿನಿಂದಲೂ ನನ್ನದಾಗಿರುವುದರಿಂದ, ಅದು ನಮ್ಮಲ್ಲಿ ಹೇಗೆ ರೂಪುಗೊಂಡಿತೆಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಪ್ರಶ್ನೆ ಎಲ್ಲಿಂದ ಆರಂಭಿಸಬೇಕೆಂಬುದು. ಮಾಲೆಯ ಮೊದಲ ಪುಸ್ತಕವಾದ 'ದಿ ಕಲರ್ ಆಫ್ ಮ್ಯಾಜಿಕ್' ಆ ಕಾಲದ ಮಾಂತ್ರಿಕ ಸಾಹಸಕಥೆಗಳನ್ನು ಅಣಕಿಸುವ ಕೃತಿ. ಅಂಥ ಕಥೆಗಳನ್ನು ಓದಿಯೇ ಇರದವರಿಗೆ ಅದರ ಅರ್ಧ ನಗೆ ತಲುಪುವುದಿಲ್ಲ. ಈ ಮಾಲೆಯಲ್ಲಿ ಕಾವಲುಗಾರರದ್ದು, ಮಾಟಗಾತಿಯರದ್ದು, ಸಾವೆಂಬ ಪಾತ್ರದ್ದು, ಮಾಂತ್ರಿಕರದ್ದು ಎಂದು ಬೇರೆ ಬೇರೆ ಎಳೆಗಳಿದ್ದು, ಬಹುಪಾಲು ಪುಸ್ತಕಗಳು ತಮ್ಮಷ್ಟಕ್ಕೆ ತಾವೇ ಪೂರ್ಣವಾಗಿರುವುದರಿಂದ, ಪ್ರಕಟಣೆಯ ಕ್ರಮವನ್ನು ಬಿಟ್ಟು ಒಂದೊಂದೇ ಎಳೆ ಹಿಡಿಯಲು ನಿರ್ಧರಿಸಿದೆವು. 1989ರ 'ಗಾರ್ಡ್ಸ್! ಗಾರ್ಡ್ಸ್!' ನಮ್ಮ ಬಾಗಿಲಾಯಿತು. ಆಂಕ್-ಮಾರ್ಪಾರ್ಕ್ ಎಂಬ ಕೊಳಕು, ಗದ್ದಲದ, ಎಲ್ಲ ಕಡೆಯಿಂದಲೂ ಜನ ಬಂದು ತುಂಬುವ ನಗರವನ್ನು ಬೆಂಗಳೂರಿನವರಿಗೆ ಬಿಡಿಸಿ ಹೇಳುವ ಅಗತ್ಯವೇ ಬೀಳಲಿಲ್ಲ.

ಇನ್ನೊಂದು ತೊಡಕು ಪುಟಗಳದ್ದು. ಹೆಚ್ಚಿನವರು ಚರ್ಚ್ ಸ್ಟ್ರೀಟಿನ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಸಿಕ್ಕ ಪ್ರತಿಗಳನ್ನು ಕೊಂಡಿದ್ದರಿಂದ ಒಬ್ಬರ ಪುಟಸಂಖ್ಯೆ ಇನ್ನೊಬ್ಬರದ್ದಕ್ಕೆ ಹೊಂದುತ್ತಿರಲಿಲ್ಲ, ಮತ್ತು ಈ ಮಾಲೆಯ ಬಹುತೇಕ ಕಾದಂಬರಿಗಳಲ್ಲಿ ಅಧ್ಯಾಯಗಳೇ ಇಲ್ಲ. ಹಾಗಾಗಿ ಮುಂದಿನ ಸಲಕ್ಕೆ ಓದಬೇಕಾದ ಭಾಗದ ಕೊನೆಯ ವಾಕ್ಯವನ್ನೇ ಎಲ್ಲರಿಗೂ ಬರೆದು ಕಳಿಸುತ್ತೇನೆ.

ನಮ್ಮಲ್ಲಿರುವ ಕಟ್ಟುನಿಟ್ಟಿನ ನಿಯಮ ಒಂದೇ: ಬರುವ ಪ್ರತಿಯೊಬ್ಬರೂ ತಾವು ನಿಜವಾಗಿ ನಕ್ಕ ಒಂದು ಭಾಗವನ್ನು ಗುರುತು ಹಾಕಿಕೊಂಡು ಬಂದು ಗಟ್ಟಿಯಾಗಿ ಓದಬೇಕು. ಪ್ರಾಚೆಟ್ ಅಡಿಟಿಪ್ಪಣಿಗಳನ್ನು ಹೇರಳವಾಗಿ ಬಳಸುತ್ತಾರೆ. ಓದುವವರೇ ಅವನ್ನೂ ಓದಿದರೆ ಮೇಲಿನ ವಾಕ್ಯದ ಲಯ ಮುರಿಯುತ್ತದೆಂದು ತಿಳಿದ ಮೇಲೆ, ಪಕ್ಕದಲ್ಲಿ ಕೂತವರು ಬೇರೊಂದು ದನಿಯಲ್ಲಿ ಅಡಿಟಿಪ್ಪಣಿ ಓದುವ ಪದ್ಧತಿ ಬಂತು. ಸಾವಿನ ಮಾತುಗಳು ಪುಸ್ತಕದಲ್ಲಿ ಉದ್ಧರಣ ಚಿಹ್ನೆಯಿಲ್ಲದೆ ದೊಡ್ಡಕ್ಷರಗಳಲ್ಲಿ ಅಚ್ಚಾಗಿರುತ್ತವೆ. ಅವನ್ನು ನಮ್ಮಲ್ಲಿ ಹವ್ಯಾಸಿ ರಂಗಭೂಮಿಯ ಹಿರಿಯರೊಬ್ಬರು ಓದುತ್ತಾರೆ, ಆ ಪಾತ್ರವನ್ನು ಈಗ ಬೇರೆ ಯಾರ ದನಿಯಲ್ಲೂ ಕೇಳಲು ನನಗೆ ಸಾಧ್ಯವಿಲ್ಲ. ಓದಾದ ಮೇಲೆ ನಾನು ಎರಡೇ ಪ್ರಶ್ನೆ ಕೇಳುತ್ತೇನೆ: ಇಲ್ಲಿ ನಾವು ಯಾರನ್ನು ನೋಡಿ ನಕ್ಕೆವು? ಆ ವ್ಯಕ್ತಿ ನಮ್ಮ ನಡುವೆ ಕೂತಿದ್ದರೆ ಅವರಿಗೂ ನಗು ಬರುತ್ತಿತ್ತೇ? ರಾಶಿಯವರು 1942ರಲ್ಲಿ ಆರಂಭಿಸಿದ ಹಾಸ್ಯಪತ್ರಿಕೆ 'ಕೊರವಂಜಿ'ಯನ್ನು ಮನೆಯಲ್ಲಿ ಓದಿ ಬೆಳೆದ ಹಿರಿಯರಿಬ್ಬರು ನಮ್ಮಲ್ಲಿದ್ದಾರೆ. ಎರಡನೆಯ ಪ್ರಶ್ನೆಯನ್ನು ಸೇರಿಸಿಸಿದವರು ಅವರೇ.

ಈ ಪ್ರಶ್ನೆಗಳ ಬಲ ನಮಗೆ ಗೊತ್ತಾದದ್ದು 1993ರ 'ಮೆನ್ ಅಟ್ ಆರ್ಮ್ಸ್' ಓದುವಾಗ. ಅದರಲ್ಲಿ ಕಾವಲುಪಡೆಯ ಕ್ಯಾಪ್ಟನ್ ಸ್ಯಾಮ್ ವೈಮ್ಸ್ ಬೂಟುಗಳ ಬಗ್ಗೆ ಯೋಚಿಸುತ್ತಾನೆ. ಅವನ ತಿಂಗಳ ಸಂಬಳ 38 ಡಾಲರ್, ಜೊತೆಗೆ ಭತ್ಯೆ. ಒಳ್ಳೆಯ ಚರ್ಮದ ಬೂಟಿಗೆ 50 ಡಾಲರ್, ಒಂದೆರಡು ಋತುವಿಗೆ ಹರಿದುಹೋಗುವ ಬೂಟಿಗೆ 10 ಡಾಲರ್. 50 ಕೊಡಬಲ್ಲವನ ಕಾಲು ಹತ್ತು ವರ್ಷದ ನಂತರವೂ ಒಣಗಿರುತ್ತದೆ. ಕೊಡಲಾರದವನು ಅಷ್ಟರಲ್ಲಿ 100 ಡಾಲರ್ ಸುರಿದಿರುತ್ತಾನೆ, ಕಾಲು ಮಾತ್ರ ಇನ್ನೂ ಒದ್ದೆ. ಬಡವನಿಗೆ ಬಡತನವೇ ದುಬಾರಿ ಎಂಬ ಈ ಲೆಕ್ಕವನ್ನು ನಿವೃತ್ತ ಬ್ಯಾಂಕ್ ಉದ್ಯೋಗಿಯೊಬ್ಬರು ಓದಿ ಮುಗಿಸಿದಾಗ ಎಲ್ಲರೂ ನಕ್ಕರು. ಆಗ ಹೊರವಲಯದ ಬಡಾವಣೆಯಲ್ಲಿರುವ ಗೆಳತಿಯೊಬ್ಬರು, "ಸಾರ್, ನಿಮ್ಮ ಮನೆಗೆ ಕಾವೇರಿ ನೀರು ಬರುತ್ತೆ. ನಮ್ಮ ಬೀದಿಗೆ ಕೊಳಾಯಿ ಇನ್ನೂ ಬಂದಿಲ್ಲ, ಟ್ಯಾಂಕರ್ ನೀರಿಗೆ ನಿಮಗಿಂತ ಎಷ್ಟೋ ಪಟ್ಟು ಕೊಡ್ತೀವಿ. ನಾನೂ ಆ ಬೂಟು ಹಾಕಿಕೊಂಡವಳೇ" ಎಂದರು. ಅಲ್ಲಿಂದ ಮಾತು ಬಾಡಿಗೆ ಮನೆಗೆ ಕೇಳುವ ಹತ್ತು ತಿಂಗಳ ಅಡ್ವಾನ್ಸಿಗೆ, ಅದನ್ನು ಹೊಂದಿಸಲು ಮಾಡುವ ಬಡ್ಡಿ ಸಾಲಕ್ಕೆ ಹರಿಯಿತು. ಹಾಗೆಂದು ಪುಸ್ತಕ ಕೈಬಿಟ್ಟು ಹೋಗಲಿಲ್ಲ. ವೈಮ್ಸ್ ಈ ಲೆಕ್ಕ ಹಾಕುವುದು ಶ್ರೀಮಂತ ಮನೆತನದ ಸಿಬಿಲ್‌ಳನ್ನು ಮದುವೆಯಾಗಲಿರುವಾಗ, ಎಂದರೆ ಎರಡೂ ಬಗೆಯ ಬೂಟುಗಳನ್ನು ಹತ್ತಿರದಿಂದ ನೋಡುತ್ತಿರುವಾಗ ಎಂಬುದನ್ನು ಆ ಗೆಳತಿಯೇ ನೆನಪಿಸಿದರು.

1992ರ 'ಸ್ಮಾಲ್ ಗಾಡ್ಸ್' ಬಗ್ಗೆ ನನಗೆ ಅಳುಕಿತ್ತು, ಏಕೆಂದರೆ ಬಳಗದಲ್ಲಿ ನಿತ್ಯ ಪೂಜೆ ಮಾಡುವವರೂ ನಾಸ್ತಿಕರೂ ಇದ್ದಾರೆ. ಆ ಲೋಕದಲ್ಲಿ ದೇವರ ಶಕ್ತಿ ಭಕ್ತರ ನಂಬಿಕೆಯಿಂದ ಬರುತ್ತದೆ. ಓಮ್ ಎಂಬ ಮಹಾದೇವರು ಭೂಮಿಗೆ ಇಳಿದಾಗ ಒಂದು ಸಣ್ಣ ಆಮೆಯಾಗಿ ಉಳಿದಿರುತ್ತಾರೆ, ಏಕೆಂದರೆ ಜನ ನಂಬುತ್ತಿರುವುದು ದೇವರನ್ನಲ್ಲ, ದೇವರ ಹೆಸರಿನಲ್ಲಿ ಶಿಕ್ಷಿಸುವ ಪೀಠವನ್ನು. ನಿಜವಾಗಿ ನಂಬುವವನು ಬ್ರೂಥಾ ಎಂಬ ಓದುಬರಹವಿಲ್ಲದ ಹುಡುಗನೊಬ್ಬನೇ. ಯಾರನ್ನು ನೋಡಿ ನಕ್ಕೆವೆಂಬ ಪ್ರಶ್ನೆಗೆ ಪೂಜೆ ಮಾಡುವವರೇ ಮೊದಲು ಉತ್ತರಿಸಿದರು: ನಗು ಬ್ರೂಥಾನ ಮೇಲಲ್ಲ, ಪೀಠದ ಮೇಲೆ. ಅರಳಿಮರದ ಕಟ್ಟೆಯ ಮೇಲೆ ಕುಂಕುಮ ಹಚ್ಚಿಸಿಕೊಂಡು ಕೂತಿರುವ, ರಸ್ತೆ ಅಗಲವಾದಾಗ ಜಾಗ ಕಳೆದುಕೊಳ್ಳುವ ನಮ್ಮ ಮಾರಮ್ಮಂದಿರ ಬಗ್ಗೆ ಅಂದು ಬಂದ ಮಾತು, ದೇವರಿದ್ದಾನೋ ಇಲ್ಲವೋ ಎಂಬ ಹಳೆಯ ಜಗಳಕ್ಕಿಂತ ಎಷ್ಟೋ ಆಳವಾಗಿತ್ತು.

ಸಾವಿನ ಎಳೆಯಲ್ಲಿ 1991ರ 'ರೀಪರ್ ಮ್ಯಾನ್' ನನಗೆ ಅತ್ಯಂತ ಪ್ರಿಯ. ಕೆಲಸ ಕಳೆದುಕೊಂಡ ಸಾವು ಒಬ್ಬ ವೃದ್ಧೆಯ ಹೊಲದಲ್ಲಿ ಕೂಲಿಗೆ ಸೇರಿ ಹುಲ್ಲು ಕೊಯ್ಯುತ್ತದೆ. ನಚಿಕೇತನ ಯಮ, ಸಾವಿತ್ರಿಯ ಯಮ ಇಬ್ಬರನ್ನೂ ಬಲ್ಲ ನಮಗೆ ಮಾತಾಡುವ, ಮನಸ್ಸು ಕರಗಬಲ್ಲ ಸಾವು ಹೊಸದಲ್ಲ. ಆದರೆ ತನಗೂ ದಿನಗಳು ಎಣಿಕೆಯಾಗಿವೆ ಎಂದು ಅರಿತ ಸಾವು ಹೊಸದು. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವ ನರ್ಸ್ ಒಬ್ಬರು, ಕೊನೆಯ ಗಳಿಗೆಯಲ್ಲಿ ರೋಗಿಗೆ ಬೇಕಾಗಿರುವುದು ಈ ಪಾತ್ರದಲ್ಲಿರುವಂಥ ಅವಸರವಿಲ್ಲದ ಸೌಜನ್ಯವೆಂದು ಹೇಳಿದ ಮೇಲೆ ಆ ಪುಸ್ತಕದ ಬಗ್ಗೆ ನನ್ನ ಓದೇ ಬದಲಾಯಿತು.

ಎಲ್ಲವೂ ಇಷ್ಟೇ ಗಟ್ಟಿಯಾಗಿಲ್ಲ. 1994ರ 'ಇಂಟರೆಸ್ಟಿಂಗ್ ಟೈಮ್ಸ್'ನಲ್ಲಿ ಪೂರ್ವದೇಶದ ಸಾಮ್ರಾಜ್ಯವನ್ನು ಚಿತ್ರಿಸಿದ ರೀತಿ ನಮ್ಮ ಎರಡನೆಯ ಪ್ರಶ್ನೆಯ ಮುಂದೆ ನಿಲ್ಲಲಿಲ್ಲ. ಅಲ್ಲಿ ಅನೇಕ ಕಡೆ ನಗು ಜನರ ಉಚ್ಚಾರ, ಹೆಸರುಗಳ ಮೇಲೆ ಬಿದ್ದಿದೆ. ಮೆಚ್ಚಿದ ಲೇಖಕರ ಬಗ್ಗೆ ಹೀಗೆ ಹೇಳಿಕೊಳ್ಳಲು ಅವಕಾಶವಿರುವುದರಿಂದಲೇ ಉಳಿದ ಮೆಚ್ಚುಗೆಗೆ ತೂಕ ಬರುತ್ತದೆ. 2002ರ 'ನೈಟ್ ವಾಚ್' ಮಾಲೆಯ ಶಿಖರವೆಂದು ನನ್ನ ಅಭಿಪ್ರಾಯ. ಆದರೆ ಕಾವಲುಗಾರರ ಹಿಂದಿನ ಪುಸ್ತಕಗಳನ್ನು ಓದದೆ ಅದಕ್ಕೆ ಕೈಹಾಕಬಾರದೆಂದು ಹೊಸದಾಗಿ ಸೇರುವವರಿಗೆಲ್ಲ ಹೇಳುತ್ತೇನೆ.

ಈಗ ಬಳಗದ ಮುಂದಿರುವುದು ಕೊನೆಯ ಪುಸ್ತಕದ ಪ್ರಶ್ನೆ. 2007ರಲ್ಲಿ ಆಲ್‌ಜೈಮರ್ಸ್‌ನ ಒಂದು ಅಪರೂಪದ ಬಗೆ ತಮಗಿದೆಯೆಂದು ಪ್ರಾಚೆಟ್ ಬಹಿರಂಗವಾಗಿ ತಿಳಿಸಿದರು. ಅನಂತರವೂ ಬರೆಯುತ್ತಲೇ ಇದ್ದು, 2015ರ ಮಾರ್ಚ್ 12ರಂದು ತೀರಿಕೊಂಡರು. ಮಾಲೆಯ ಕೊನೆಯದಾದ 'ದಿ ಶೆಫರ್ಡ್ಸ್ ಕ್ರೌನ್' ಅದೇ ವರ್ಷ, ಅವರು ಬಯಸಿದಷ್ಟು ತಿದ್ದುಪಡಿ ಕಾಣದೆ ಹೊರಬಂತು. ಅಪೂರ್ಣ ಬರಹಗಳಿದ್ದ ಹಾರ್ಡ್ ಡಿಸ್ಕನ್ನು ಅವರ ಇಚ್ಛೆಯಂತೆ 2017ರಲ್ಲಿ ರೋಡ್ ರೋಲರ್ ಅಡಿ ಹಾಕಿ ನಾಶಮಾಡಲಾಯಿತು. ಇನ್ನು ಹೊಸದು ಬರುವುದಿಲ್ಲವಾದ್ದರಿಂದ ಆ ಒಂದನ್ನು ಓದದೆ ಉಳಿಸಿಕೊಳ್ಳೋಣವೆಂದು ಕೆಲವರ ವಾದ. ಮಾಟಗಾತಿಯರ ಎಳೆಯನ್ನೂ, ಅದರಿಂದ ಹೊರಟ ಟಿಫನಿ ಏಕಿಂಗ್‌ಳ ಪುಸ್ತಕಗಳನ್ನೂ ಮುಗಿಸಿದ ಮೇಲೆ ಬೇಕೆನಿಸಿದವರು ಮಾತ್ರ ಅದನ್ನು ಓದುವುದು, ಓದದವರು ಆ ದಿನ ಬರದೆ ಇರುವುದು ಎಂದು ಸದ್ಯಕ್ಕೆ ಒಪ್ಪಿಕೊಂಡಿದ್ದೇವೆ. ನಾನು ಓದುವವರ ಕಡೆ ಇದ್ದೇನೆ.